ಜವಾಬಿಲ್ಲದ ಕ್ಯಾಸೆಟ್ಟು

ಅಂಗಡಿಯಿಂದ ಒಮ್ಮೆ ಮನೆಗೆ ತಂದ ಸಾಮಾನನ್ನು ತಿರುಗಿ ಒಯ್ದು ಕೊಡುವುದಕ್ಕೆ ಒಂದು ಬಗೆಯ ಧೈರ್ಯ ಬೇಕು; ಅದನ್ನು ದೇವರು ನನಗೆ ಕೊಡಲಿಲ್ಲ. ಒಂದು ನಂಬರು ಸಣ್ಣದಾದ ಬೂಟನ್ನು ಎರಡು ವರ್ಷ ಮೆಟ್ಟಿಕೊಂಡು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ನನ್ನ ಮಂದಗಮನವನ್ನು ವಿದ್ಯಾರ್ಥಿಗಳು ಪಾಂಡಿತ್ಯದ ಲಕ್ಷಣವೆಂದು ತಿಳಿದಿದ್ದರಂತೆ. ನನ್ನ ಹೆಂಡತಿ ಶಾಂತಾ ಹಾಗಲ್ಲ. ಒಂದೇ ಒಂದು ಹುಳುಕು ಬದನೆಕಾಯಿ ಬಂದಿದ್ದರೂ ಅದನ್ನು ಹಿಡಿದುಕೊಂಡು ಸಂತೆಯ ತನಕ ನಡೆದು ಬದಲಿಸಿಕೊಂಡು ಬರುವವಳು. ಬೈಲಹೊಂಗಲದ ಬಹುಪಾಲು ಜನ ಅವಳ ಪಂಥದವರೇ. ಆದ್ದರಿಂದ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಬಸ್‌ಸ್ಟ್ಯಾಂಡಿನ ಬದಿಯ ಚನಬಸಪ್ಪನ ಕ್ಯಾಸೆಟ್ ಅಂಗಡಿಗೆ ಒಂದೇ ಕ್ಯಾಸೆಟ್ಟಿನ ಹತ್ತಾರು ಪ್ರತಿಗಳು ಒಂದೇ ವಾರದಲ್ಲಿ ವಾಪಸು ಬಂದದ್ದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. ಆಶ್ಚರ್ಯವಾದದ್ದು ತಂದವರು ಹೇಳಿದ ಕಾರಣಕ್ಕೆ.

"ಕಡೀ ಸವಾಲಿಗೆ ಜವಾಬ ಇಲ್ರಿ ಇದರಾಗ. ರೀಲು ಕಡಿಮಿ ಬಿದ್ದೈತಿ. ಬ್ಯಾರೇದ್ದು ಕೊಡ್ರಿ."

ಇದು ಅರ್ಥವಾಗಬೇಕಾದರೆ ಓದುಗ ಮಹಾಶಯರು ನನ್ನೊಡನೆ ಗೀಗೀ ಪದದ ಮೇಳದ ಮುಂದೆ ಒಂದು ಗಳಿಗೆ ಕೂರಬೇಕು. ದಪ್ಪೆಂಬ ಚರ್ಮವಾದ್ಯ, ತುಂತುಣಿಯೆಂಬ ಒಂಟಿತಂತಿಯ ವಾದ್ಯ ಹಿಡಿದು ಎರಡು ತಂಡಗಳು ಎದುರುಬದುರು ನಿಲ್ಲುತ್ತವೆ. ಗಂಡು ಹೆಚ್ಚೆಂದು ಹಾಡುವವರು ಹರದೇಶಿ, ಹೆಣ್ಣು ಹೆಚ್ಚೆಂದು ಹಾಡುವವರು ನಾಗೇಶಿ. ಒಬ್ಬರು ಹಾಡಿನಲ್ಲಿ ಸವಾಲು ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಕೊನೆಯ ಸವಾಲಿಗೆ ಯಾರು ಬಾಯಿ ಕಟ್ಟಿ ನಿಲ್ಲುತ್ತಾರೋ ಅವರು ಸೋತಂತೆ. ನಮ್ಮ ಸೀಮೆಯಲ್ಲಿ ಹರದೇಶಿಯೆಂದರೆ ಸಾಲಹಳ್ಳಿಯ ರಾಜೇಸಾಬರು, ನಾಗೇಶಿಯೆಂದರೆ ಉಗರಗೋಳದ ಗಂಗವ್ವ. ಮೂವತ್ತು ವರ್ಷಗಳಲ್ಲಿ ಕಿತ್ತೂರಿನಿಂದ ರಾಮದುರ್ಗದವರೆಗೆ ಇವರಿಬ್ಬರೂ ಪರಸ್ಪರ ಬೈದುಕೊಳ್ಳದ ಊರು ಉಳಿದಿರಲಿಲ್ಲ. ಪ್ರತಿಸಲವೂ ಕೊನೆಯ ಮಾತು ರಾಜೇಸಾಬರದೇ. ಅವರ ಬಾಯಿ ಕಟ್ಟಿದ್ದನ್ನು ಕಂಡವರಿರಲಿಲ್ಲ.

ಈ ಕ್ಯಾಸೆಟ್ಟಿನ ಗಲಾಟೆಯಾದ ಕೆಲವು ವರ್ಷಗಳ ಮೇಲೆ ನನ್ನ ವಿದ್ಯಾರ್ಥಿಗಳು ದೂರದೇಶದ ಒಬ್ಬ ಹಾಡುಗಾರನ ರ್‍ಯಾಪ್ ಎಂಬ ವಿದ್ಯೆಯನ್ನು ನನಗೆ ಕೇಳಿಸಿ, "ಒಬ್ಬರಿಗೊಬ್ಬರು ಬೈಕೋತ ಹಾಡ್ತಾರ್ರಿ ಸರ!" ಎಂದು ಕಣ್ಣರಳಿಸಿದರು. ಆ ಕಲಾವಿದನ ತಲೆಗೆ ನಾನು ಮನಸ್ಸಿನಲ್ಲೇ ಒಂದು ಪಟಗಾ ಸುತ್ತಿ, ಕೈಗೆ ದಪ್ಪು ಕೊಟ್ಟು ನೋಡಿದೆ. ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಅವನು ಇಳಿವಯಸ್ಸಿನಲ್ಲಿ ಇಡೀ ಆಲ್ಬಮ್ಮನ್ನು ಒಂದೇ ಕಥೆಯಾಗಿ ಹಾಡಿದ್ದಾನೆಂದೂ, ಅದು ಮಹಾಕಾವ್ಯವೋ ಮುದಿತನದ ಹಟವೋ ಎಂದು ಅಭಿಮಾನಿಗಳಲ್ಲಿ ಜಗಳ ನಡೆದಿದೆಯೆಂದೂ ಹುಡುಗರು ಹೇಳಿದರು. ನಾನು ನಕ್ಕೆ. ಆ ಜಗಳದಲ್ಲಿ ಎಂದೋ ಭಾಗವಹಿಸಿ, ಮುಖಭಂಗವನ್ನೂ ಅನುಭವಿಸಿ ಬಂದವನು ನಾನು.

ರಾಜೇಸಾಬರ ಹಳೆಯ ಕ್ಯಾಸೆಟ್ಟುಗಳಲ್ಲಿ ಎಂಟು ಬಿಡಿ ಪದಗಳಿರುತ್ತಿದ್ದವು. ವಾಪಸು ಬರುತ್ತಿದ್ದ ಈ ಹೊಸದರಲ್ಲಿ ಎರಡೂ ಬದಿಗೆ ಹಬ್ಬಿದ ಒಂದೇ ಕಥೆ. ಮೊದಲನೆಯ ಬದಿಯಲ್ಲಿ ಒಬ್ಬ ಗಂಡ ತಾನು ಕಟ್ಟಿಸಿದ ಮನೆಯನ್ನು ವರ್ಣಿಸುತ್ತಾನೆ: ತಲಬಾಗಿಲು, ಪಡಸಾಲೆ, ದೇವರ ಜಗಲಿ, ದನ ಕಟ್ಟುವ ಜಾಗ, ಕಾಳು ತುಂಬುವ ಹಗೇವು. ದಪ್ಪಿನ ಪೆಟ್ಟಿಗೆ ಒಂದೊಂದು ಕಂಬ ಎದ್ದು ನಿಲ್ಲುತ್ತದೆ. ಎರಡನೆಯ ಬದಿಯಲ್ಲಿ ಹೆಂಡತಿಯ ಹಾಡು. ಅದನ್ನೂ ಹಾಡಿದವರು ರಾಜೇಸಾಬರೇ! ಹೆಣ್ಣುದನಿಯನ್ನು ಅವರು ಅನುಕರಿಸಲಿಲ್ಲ. ದಪ್ಪನ್ನು ಕೆಳಗಿಟ್ಟು, ಬರಿಯ ತುಂತುಣಿಯ ಒಂದು ತಂತಿಯ ಮೇಲೆ, ವಯಸ್ಸಿನಿಂದ ಬಿರಿದ ತಮ್ಮ ಕಂಠದಲ್ಲೇ ಹಾಡಿದರು. ಅದನ್ನು ಮೊದಲು ಕೇಳಿದಾಗ ನನ್ನ ಕಣ್ಣು ಒದ್ದೆಯಾಯಿತೆಂದು ಹೇಳಲು ಇಂದಿಗೂ ನನಗೆ ನಾಚಿಕೆಯಿಲ್ಲ. ಆ ಹಾಡಿನ ಕೊನೆ ಹೀಗಿತ್ತು:

ಅಂಕಣ ಅಂಕಣ ಎಣಿಸೀದಿ, ಕಂಬ ಕಂಬ ಹೆಸರಿಸೀದಿ,
ಇಷ್ಟ ದೊಡ್ಡ ಮನಿಯೊಳಗ ನಾ ಎಲ್ಲಿ ಕುಂತಿದ್ನೋ ಹೇಳೋ ಧಣಿಯ?

ಆಮೇಲೆ ತುಂತುಣಿಯ ಒಂದು ಮೀಟು, ನಂತರ ಬರಿಯ ಟೇಪಿನ ಸುಯ್ಲು.

ಸವದತ್ತಿಗೆ ಟೆಂಪೋ ಓಡಿಸುತ್ತಿದ್ದ ಮೆಹಬೂಬ ಹುಟ್ಟಾ ಹರದೇಶಿ; ಅವನ ಗಾಡಿಯ ಕನ್ನಡಿಯ ಪಕ್ಕ ರಾಜೇಸಾಬರ ಫೋಟೋ ಇತ್ತು. "ಸವದತ್ತಿ ಬರೂತನಕ ಜವಾಬ ಬರ್ತೈತಿ, ಬರ್ತೈತಿ ಅಂತ ಮಂದಿ ಕುಂತಾರ್ರಿ. ಇಳಿಯಾಕ ಒಲ್ಲೆ ಅಂತಾರ!" ಎಂದು ಅವನು ಮೂರು ಸಲ ಕ್ಯಾಸೆಟ್ಟು ಬದಲಿಸಿದ. ಮೂರೂ ಅಲ್ಲಿಗೇ ಮುಗಿದವು. ರೋಸಿಹೋದ ಚನಬಸಪ್ಪ ಎಲ್ಲರೆದುರು ಕ್ಯಾಸೆಟ್ಟಿನ ತಿರುಪು ಬಿಚ್ಚಿ, ರೀಲು ಇಡಿಯಾಗಿಯೇ ಇರುವುದನ್ನು ತೋರಿಸಿದ. "ನೋಡ್ಕೋರಿ. ಮಾಲು ಬರೋಬ್ಬರಿ ಐತಿ. ನಿಮ್ಮ ಮುದುಕಗ ಜವಾಬ ಹೊಳದಿಲ್ಲ ಅಷ್ಟ."

ಅಲ್ಲಿಂದ ಶುರುವಾಯಿತು ಕಾಳಗ. ಹೆಂಗಸಿನ ಪದ ಹಾಡಿ ರಾಜೇಸಾಬರು ಪಕ್ಷಾಂತರ ಮಾಡಿದರೆಂದು ಕೆಲವರು. ಬುದ್ಧಿ ಮಂಕಾಗಿದೆಯೆಂದು ಕೆಲವರು. ಈ ವರ್ಷ ಅವರನ್ನು ಹಾಡಿಗೆ ಕರೆಯುವುದೇ ಬೇಡವೆಂದು ಎರಡು ಊರಿನ ಹಿರಿಯರು ಮಾತಾಡಿಕೊಂಡರೆಂಬ ಸುದ್ದಿಯೂ ಬಂತು. ಮೆಹಬೂಬ ಯಾರದೋ ಅಂಗಿ ಹಿಡಿದ. ಮೂವತ್ತು ವರ್ಷದ ಒಂದು ಹೆಸರು ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಮಣ್ಣುಪಾಲಾಗುವುದನ್ನು ನೋಡಲಾಗದೆ ನಾನು ಬಾಯಿ ಹಾಕಿದೆ. "ಇದು ಖಂಡಕಾವ್ಯದ ಪೂರ್ವಾರ್ಧ. ಎರಡನೆಯ ಭಾಗದಲ್ಲಿ ಜವಾಬು ಬರಲಿದೆ" ಎಂದು, ಸ್ವತಃ ರಾಜೇಸಾಬರೇ ನನ್ನ ಕಿವಿಯಲ್ಲಿ ಹೇಳಿದಂತೆ, ಘೋಷಿಸಿಬಿಟ್ಟೆ. ಪ್ರಾಧ್ಯಾಪಕರ ಮಾತಲ್ಲವೆ, ಜನ ನಂಬಿದರು. ನಂಬಿದ್ದೇ ಫಜೀತಿಯಾಯಿತು. ಮಾರನೆಯ ದಿನದಿಂದ ತರಕಾರಿಯವರೂ "ಎರಡನೇದ್ದು ಯಾವಾಗ ಬರ್ತೈತ್ರಿ ಸರ?" ಎಂದು ಕೇಳತೊಡಗಿದರು.

ಮಾನ ಉಳಿಸಿಕೊಳ್ಳಲು ಜವಾಬನ್ನು ನಾನೇ ಬರೆದೆ. ಹನ್ನೆರಡು ನುಡಿ, ಉಪಮೆ, ರೂಪಕ ಯಾವುದಕ್ಕೂ ಕೊರತೆಯಿರಲಿಲ್ಲ. 'ನನ್ನ ಹೃದಯಸಿಂಹಾಸನದಲ್ಲಿ ನೀನು ಕುಳಿತಿದ್ದೆ' ಎಂಬುದು ಅದರ ಸಾರ. ಹಾಳೆಯನ್ನು ಜೇಬಿಗಿಟ್ಟುಕೊಂಡು, ಸವದತ್ತಿಯಲ್ಲೊಂದು, ರಾಮದುರ್ಗದಲ್ಲೊಂದು ಬಸ್ಸು ಬದಲಿಸಿ, ರವಿವಾರ ಮಧ್ಯಾಹ್ನ ಸಾಲಹಳ್ಳಿಗೆ ಇಳಿದೆ.

ರಾಜೇಸಾಬರು ಅಂಗಳದ ಬಿಸಿಲಿನಲ್ಲಿ ದಪ್ಪಿನ ಚರ್ಮ ಕಾಯಿಸುತ್ತಿದ್ದರು. "ಬರ್ರಿ ಸರ, ಕುಂದರ್ರಿ" ಎಂದು ತಾವು ಕೂತಿದ್ದ ಗೋಣಿತಟ್ಟನ್ನು ನನಗೆ ಬಿಟ್ಟರು. ನಾನು ಜವಾಬು ಓದಿದೆ. ಕಣ್ಣು ಮುಚ್ಚಿ ಕೇಳಿದರು, ರಸಾನುಭವವೆಂದು ಹಿಗ್ಗಿದೆ.

"ಛಲೋ ಬರದೀರಿ," ಎಂದರು. "ಆದ್ರ ಸರ, ಆಕಿ ಮನಿಯಾಗಿನ ಜಾಗಾ ಕೇಳ್ಯಾಳ್ರಿ. ಎದಿಯಾಗಿಂದಲ್ಲ."

ನಾನು ಹಾಳೆ ಮಡಿಸಿದೆ.

"ಆ ಸವಾಲ ನಂದಲ್ರಿ, ಗಂಗವ್ವಂದು. ನಿಮ್ಮ ಬೈಲಹೊಂಗಲದಾಗನ, ನಮ್ಮ ಕಡೀ ಮೇಳದಾಗ ಕೇಳಿದ್ಳು. ನನಗ ಹೊಳೀಲಿಲ್ಲ. 'ಒಲಿ ಮುಂದ ಕುಂತಿದ್ದಿ, ಮತ್ತೆಲ್ಲಿ ಕುಂದರ್ತಿ' ಅಂತ ಹಾಡಿಬಿಟ್ನಿ. ಮಂದಿ ಬಿದ್ದ ಬಿದ್ದ ನಕ್ರು. ಆಕಿನೂ ನಕ್ಕು ತುಂತುಣಿ ಕೆಳಗಿಟ್ಳು. ನಾ ಗೆದ್ನಿ." ಅವರು ದಪ್ಪನ್ನು ಮಗ್ಗುಲು ಬದಲಿಸಿದರು. "ಆಕಿ ತೀರಿಕೊಂಡು ಮೂರ ವರ್ಷ ಆತು. ಮೂರೂ ವರ್ಷ ಜವಾಬ ಹುಡುಕೇನ್ರಿ, ಸಿಕ್ಕಿಲ್ಲ. ಮಂದೀನ ನಗಿಸಿದ್ನಿ, ಜವಾಬ ಕೊಟ್ಟಿರಲಿಲ್ಲ. ಅದಕ್ಕ ಆಕಿ ಸವಾಲ ಕಡೀಕ ಇಟ್ಟೇನಿ, ಅದರ ಮ್ಯಾಲ ಯಾರೂ ಹಾಡಬಾರದು ಅಂತ. ರಾಜೇಸಾಬ ಸೋತಾನ ಅಂತ ಹೇಳ್ರಿ ನಿಮ್ಮ ಮಂದಿಗೆ. ಅವನ ಬಾಯಿಲೇನ ಕೇಳೇನಿ ಅನ್ರಿ."

ಆ ಮೇಳದಲ್ಲಿ ನಾನೂ ಇದ್ದೆ. ಬಿದ್ದು ಬಿದ್ದು ನಕ್ಕವರಲ್ಲಿ ನಾನೂ ಒಬ್ಬ. ನಗು ನೆನಪಿನಲ್ಲಿತ್ತು; ನಕ್ಕದ್ದು ಯಾವ ಸವಾಲಿಗೆಂಬುದನ್ನು ನಾನೂ ಊರೂ ಮರೆತಿದ್ದೆವು. ಗೆಲ್ಲುವುದನ್ನೇ ಜೀವನವಾಗಿಸಿಕೊಂಡ ಒಬ್ಬ ಕಲಾವಿದ, ಎದುರಾಳಿ ಇಲ್ಲವಾದ ಮೇಲೆ, ಯಾರೂ ಕೇಳದಿರುವಾಗ, ತನ್ನ ಸೋಲನ್ನು ತಾನೇ ಹಾಡಿ ಊರೂರಿಗೆ ಹಂಚಿದ್ದ. ಇಷ್ಟು ದೊಡ್ಡ ಮನುಷ್ಯನನ್ನು ನಾನು ಹತ್ತಿರದಿಂದ ಕಂಡದ್ದು ಅದೊಂದೇ ಸಲ.

ಸೋಮವಾರ ಸಂಜೆ ಅಂಗಡಿಯ ಮುಂದೆ ಎಲ್ಲವನ್ನೂ ಹೇಳಿದೆ. ಎರಡನೆಯ ಭಾಗ ನನ್ನ ಕಟ್ಟುಕಥೆಯೆಂಬುದನ್ನೂ ಬಿಡದೆ. ಮೆಹಬೂಬನ ಮುಖ ಇಳಿದುಹೋಯಿತು.

"ಸೋತೇನಿ ಅಂತ ಅವರ ಅಂದ್ರ?"

"ಅವರ ಅಂದ್ರು."

 ಅವನು ವಾಪಸು ಬಂದ ಕ್ಯಾಸೆಟ್ಟುಗಳ ರಾಶಿಯಿಂದ ಒಂದನ್ನು ಎತ್ತಿಕೊಂಡ. "ಇಷ್ಟ ದಿವಸ ಬರೇ ಗಾಡ್ಯಾಗ ಹಚ್ಚೇನ್ರಿ ಇದನ್ನ," ಎಂದ, "ಮನಿಗೆ ಒಯ್ದಿಲ್ಲ." ಇನ್ನೂ ಇಬ್ಬರು ಮೂವರು ರಾಶಿಗೆ ಕೈಹಾಕಿ ಒಂದೊಂದನ್ನು ಎತ್ತಿಕೊಂಡರು. ಉಳಿದವರು ಮುಖ ತಿರುವಿಕೊಂಡು ಹೋದರು. ಆ ಎರಡು ಊರಿನವರು ಆ ವರ್ಷ ರಾಜೇಸಾಬರನ್ನು ಕರೆಯಲಿಲ್ಲ. ಹಾಗಾಗುತ್ತದೆಂದು ಅವರಿಗೆ ಹಾಡುವ ಮೊದಲೇ ಗೊತ್ತಿತ್ತೆಂದು ನನ್ನ ನಂಬಿಕೆ.

ನಾನು ಮನೆಗೆ ಬಂದು ಎಂದಿನಂತೆ ನನ್ನ ಕುರ್ಚಿಯಲ್ಲಿ ಕುಳಿತೆ. ಶಾಂತಾ ಚಹಾ ತಂದು ಕೊಟ್ಟು, ಅಡಿಗೆಮನೆಯ ಬಾಗಿಲಿಗೆ ಆತು ನಿಂತು, ಸಾಲಹಳ್ಳಿಯ ಸಮಾಚಾರ ಕೇಳಿದಳು. ಆ ಕ್ಯಾಸೆಟ್ಟನ್ನು ಅವಳು ಕೇಳಿರಲಿಲ್ಲ. ಅದನ್ನು ನಾನು ಹಚ್ಚುತ್ತಿದ್ದುದು ಕಾಲೇಜಿನ ಗೆಳೆಯರು ಬಂದಾಗ, ಅವಳು ಒಳಗೆ ಚಹಾ ಮಾಡುತ್ತಿರುವಾಗ. ದೊಡ್ಡ ಕಥೆ, ಹೇಳಲು ಹೊತ್ತು ಹಿಡಿಯುತ್ತದೆ ಎನ್ನಿಸಿತು.

"ಬಾ, ಕುಂದರು. ಹೇಳತೇನಿ" ಎಂದೆ.

ಅವಳು ಪಡಸಾಲೆಯನ್ನು ಒಮ್ಮೆ ನೋಡಿದಳು. ಇನ್ನೊಂದು ಕುರ್ಚಿಯ ಮೇಲೆ ನನ್ನ ಪುಸ್ತಕಗಳಿದ್ದವು. ಮಂಚದ ತುಂಬ ನಾನು ತಿದ್ದಬೇಕಾದ ಪೇಪರುಗಳಿದ್ದವು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆಕ್ಷೇಪಣೆಯೂ ಇರಲಿಲ್ಲ.

"ಎಲ್ಲಿ ಕುಂದರ್ಲಿ?" ಎಂದಳು.

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟು ಎದ್ದು ನಿಂತೆ.