ಒಂದು ಕಲಿ ಉಂಟು, ಬಾ

ಹಮೀದಾಕ, ಸುಳ್ಯದಲ್ಲಿದ್ದ ನಿಮ್ಮ ವಿಡಿಯೋ ಗೇಮಿನ ಅಂಗಡಿ ಮುಚ್ಚಿಸಿದ್ದು ನಾನು. ಗುಂಪು ಕಟ್ಟಿಕೊಂಡು ಬಂದವರು, ಗಾಜು ಒಡೆದವರು, ಖಾಲಿ ಮಾಡಿ ಎಂದ ಕಟ್ಟಡದ ಯಜಮಾನರು — ಅವರೆಲ್ಲ ಆಮೇಲಿನವರು. ಮೊದಲು ಬಾಯಿ ಬಿಟ್ಟವನು ನಾನು. ಸರಿಯಾಗಿ ಹೇಳಬೇಕೆಂದರೆ, ಬಾಯಿ ಬಿಡಬೇಕಾದ ಹೊತ್ತಿಗೆ ಮುಚ್ಚಿಕೊಂಡವನು.

ಇದನ್ನು ಬರೆಯಲಿಕ್ಕೆ ಮೂವತ್ತು ವರ್ಷ ಹಿಡಿಯಿತು ಎಂದರೆ, ಪಾಪ, ಮೂವತ್ತು ವರ್ಷ ಕೊರಗಿದ್ದಾನೆ ಎಂದು ಯಾರಾದರೂ ತಿಳಿದುಕೊಂಡಾರು. ಹಾಗೇನೂ ಇಲ್ಲ. ನಾನು ಕೊರಗಿದ್ದು ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ, ಎಡಗೈ ಜುಮುಜುಮು ಎನ್ನುವುದು ಹೃದಯದ್ದೋ ಗ್ಯಾಸ್ಟ್ರಿಕ್ಕೋ ಎಂಬಂಥದ್ದಕ್ಕೆ. ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ವಾಪಸು ಬಂದು ಇನ್ನೊಮ್ಮೆ ಎಳೆದು ನೋಡುವ ಮನುಷ್ಯ ನಾನು. ಆಗದೇ ಇರುವ ನೂರು ಸಂಗತಿಗಳಿಗೆ ಹೆದರಿದೆ. ನಾನೇ ಮಾಡಿದ ಒಂದಕ್ಕೆ — ಇಲ್ಲ, ನಿದ್ರೆ ಚೆನ್ನಾಗಿಯೇ ಬರುತ್ತಿತ್ತು.

ಈಗ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಕೇಳಬೇಡಿ, ಪಟ್ಟಿ ಉದ್ದ ಉಂಟು. ಮೊದಲನೇ ಹೆಸರು ನನ್ನದೇ.

ತಿಂಗಳ ಹಿಂದೆ ನಮ್ಮ ಹತ್ತನೇ ಕ್ಲಾಸಿನ ವಾಟ್ಸಾಪ್ ಗುಂಪಿಗೆ ದಿನೇಶ ಒಂದು ಫೋಟೋ ಹಾಕಿದ. ಆಳೆತ್ತರದ ಮರದ ಪೆಟ್ಟಿಗೆ, ಎದೆಯ ಮಟ್ಟಕ್ಕೆ ಟಿವಿ, ಕೆಂಪು ಗುಂಡಿನ ಹಿಡಿ, ಸಾಲಾಗಿ ಬಟನ್. ಅಷ್ಟೇ. ಶುಗರಿನವರು, ಬಿಪಿಯವರು, ಮಗಳ ಮದುವೆಯ ಓಡಾಟದಲ್ಲಿರುವವರು, ಎಲ್ಲರೂ ಒಮ್ಮೆಲೇ ಹದಿನೈದರ ಹುಡುಗರಾದರು. "ಎಂತ ದಿನ ಮಾರಾಯ ಅದು!" "ನನ್ನ ಹೆಬ್ಬೆರಳಲ್ಲಿ ಆ ಗಂಟು ಇನ್ನೂ ಉಂಟು." "ಹಮೀದಾಕನ ಅಂಗಡಿ ಮಾರಾಯ್ರೆ, ಸ್ವರ್ಗ!" ನಾನೂ ಓದುತ್ತಾ ಮೆತ್ತಗಾಗಿದ್ದೆ. ಆಗ ಸತೀಶ ಬರೆದ: "ಆ ಜನ ಮಕ್ಕಳಿಗೆ ಕಳ್ಳು ಕುಡಿಸ್ತಿದ್ದದ್ದಲ್ವಾ? ಅದಕ್ಕೇ ಓಡಿಸಿದ್ದು." ಪಕ್ಕದಲ್ಲಿ ಮೂರು ನಗುವ ಮುಖ. ಅದರ ಕೆಳಗೆ ಹನ್ನೊಂದು ಜನ ನಕ್ಕರು.

ಹನ್ನೆರಡನೆಯವನು ನಾನು. ಹೌದು. ಎಲ್ಲರೂ ನಕ್ಕಲ್ಲಿ ನಾನೊಬ್ಬ ನಗದಿದ್ದರೆ ಏನೆಂದುಕೊಂಡಾರೋ ಎಂಬ ಚಿಂತೆ — ಬೆರಳು ತಾನಾಗಿ ಹೋಗಿ ನಗುವ ಮುಖ ಒತ್ತಿತು. ಹದಿನೈದರಲ್ಲಿ ಮಾಡಿದ್ದನ್ನೇ ನಲವತ್ತಾರರಲ್ಲಿ ಮತ್ತೆ ಮಾಡಿದೆ.

ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುತ್ತೇನೆ, ಬೇರೆಯವರೂ ಕೇಳಲಿ. ಬಸ್‌ಸ್ಟ್ಯಾಂಡಿನ ಎದುರು ಚಪ್ಪಲಿ ಅಂಗಡಿ, ಅದರ ಮೇಲೆ ಒಂದೇ ಕೋಣೆ, ಹತ್ತಲಿಕ್ಕೆ ಮರದ ಮೆಟ್ಟಿಲು. ನೀವು ಗಲ್ಫ್ ಬಿಟ್ಟು ಬಂದು ಬೊಂಬಾಯಿಯಿಂದ ಲಾರಿಯಲ್ಲಿ ಮೂರು ಮೆಶೀನು ತರಿಸಿದ್ದಿರಿ. ಒಂದರಲ್ಲಿ ಹೊಡೆದಾಟ, ಒಂದರಲ್ಲಿ ವಿಮಾನ, ಒಂದರಲ್ಲಿ ಕಾರು. ಕಾರಿನ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಊರಿನ ಅರ್ಧ ಹುಡುಗರು ಬಲಕ್ಕೆ ವಾಲಿಕೊಂಡೇ ಡ್ರೈವಿಂಗ್ ಕಲಿತರು. ಬಿಸಿಯಾದ ವಯರಿನ ವಾಸನೆ, ನಿಮ್ಮ ಅತ್ತರಿನ ವಾಸನೆ. ಮೆಟ್ಟಿಲ ಬುಡದಲ್ಲೇ ಅದು ಮೂಗಿಗೆ ಬಡಿದರೆ ನನಗೆ ಗಣಿತ, ಅಪ್ಪ, ಭವಿಷ್ಯ ಎಲ್ಲ ಮರೆತು ಹೋಗುತ್ತಿತ್ತು.

ಗಲ್ಫಿಗೆ ಯಾಕೆ ವಾಪಸು ಹೋಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ ನೀವು ಒಮ್ಮೆ ಹೇಳಿದ್ದಿರಿ: "ರಜೆಗೆ ಬಂದಾಗ ಸಣ್ಣ ಮಗಳು ನನ್ನನ್ನು ಕಂಡು ಹೆದರಿ ಒಳಗೆ ಓಡಿದಳು ಮಾರಾಯ. ಯಾರೋ ಬಂದಿದ್ದಾರೆ ಅಂತ ಅವಳ ಉಮ್ಮನಿಗೆ ಹೇಳಿದಳು. ಇನ್ನು ನಾನು ಎಲ್ಲಿಗೂ ಹೋಗುದಿಲ್ಲ." ಇದು ನನಗೆ ಅಕ್ಷರಶಃ ನೆನಪುಂಟು. ಮರೆಯಲಿಕ್ಕೆ ಎಷ್ಟು ಬೇಕೋ ಅಷ್ಟು ಪ್ರಯತ್ನಪಟ್ಟಿದ್ದೇನೆ.

ಇನ್ನು ಆ ಬೋರ್ಡು. ನಿಮಗೆ ಅರಬ್ಬಿ ಅಕ್ಷರ ಗೊತ್ತಿತ್ತು, ಕನ್ನಡದ್ದು ಇಲ್ಲ. 'ವಿಡಿಯೋ ಗೇಮ್ಸ್, ಬನ್ನಿ ಆಡಿ' ಎಂದು ಬರೆಸಲು ಹೋದವರು ನಿಮ್ಮ ಬ್ಯಾರಿ ಭಾಷೆಯಲ್ಲಿ ಆಟಕ್ಕೆ ಹೇಳುವ 'ಕಲಿ' ಎಂಬ ಶಬ್ದ ಹೇಳಿದಿರಿ. ಪೇಂಟರ್ ಮಹಾರಾಯ ಅದೇನೋ ಕ್ಲಾಸು ಎಂದುಕೊಂಡು 'ಬನ್ನಿ, ಕಲಿಯಿರಿ' ಎಂದು ದಪ್ಪ ಅಕ್ಷರದಲ್ಲಿ ಬರೆದುಬಿಟ್ಟ. ಬೋರ್ಡು ಮೇಲೇರಿದ ಮೇಲೆ ನಾವು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀವೂ ನಕ್ಕಿರಿ, ಬದಲಿಸಲಿಲ್ಲ. "ಇರ್ಲಿ, ನಿಮ್ಮ ಅಪ್ಪಂದಿರಿಗೆ ಸಮಾಧಾನ" ಎಂದಿರಿ. ನಿಜಕ್ಕೂ, ಅರಂತೋಡಿನ ನಮ್ಮ ಮನೆಯಲ್ಲಿ ನಾನು "ಕಂಪ್ಯೂಟರ್ ಕಲಿಯಲಿಕ್ಕೆ ಹೋಗುದು" ಎಂದೇ ಹೇಳಿದ್ದೆ. ಬೋರ್ಡೇ ಸಾಕ್ಷಿ ಇದ್ದ ಮೇಲೆ ಸುಳ್ಳು ಎಷ್ಟು ಸಲೀಸು!

ನನ್ನ ಕಿಸೆ ಹೆಚ್ಚಾಗಿ ಖಾಲಿ. ಬಾಗಿಲಿಗೆ ಒರಗಿ ಬೇರೆಯವರ ಆಟ ನೋಡುವುದೇ ನನ್ನ ಆಟ. ಆದರೆ ಪಂಜಕ್ಕೆ, ಸುಬ್ರಹ್ಮಣ್ಯಕ್ಕೆ ಹೋಗುವವರು ಬಸ್ಸಿನ ಹಾರ್ನ್ ಕೇಳಿದರೆ ಆಟ ಅರ್ಧಕ್ಕೇ ಬಿಟ್ಟು ಮೆಟ್ಟಿಲು ಧಡಧಡ ಇಳಿದು ಓಡುತ್ತಿದ್ದರು. ಪರದೆಯ ಮೇಲೆ ಅವರ ವಿಮಾನ ಯಜಮಾನನಿಲ್ಲದೆ ಸುಮ್ಮನೆ ನಿಂತಿರುತ್ತಿತ್ತು. ಆಗ ನೀವು ನನ್ನ ಕಡೆ ತಿರುಗಿ ಕರೆಯುತ್ತಿದ್ದಿರಿ: "ಎಂತ ನೋಡುದು? ಒಂದು ಕಲಿ ಉಂಟು, ಬಾ." ಒಂದು ಆಟ ಬಾಕಿ ಉಂಟು, ಬಾ ಎಂದು. ನಾನು ಆಡಿದ ಆಟಗಳಲ್ಲಿ ಮುಕ್ಕಾಲು ಪಾಲು ಹಾಗೆ ಬಸ್ಸಿನವರು ಬಿಟ್ಟು ಹೋದದ್ದು, ನೀವು ಕರೆದು ಕೊಟ್ಟದ್ದು. ಆ ನಾಲ್ಕು ಶಬ್ದಗಳಷ್ಟು ಚಂದದ ಕನ್ನಡ — ಬ್ಯಾರಿ, ಎರಡೂ ಸೇರಿದ್ದು — ನಾನು ಆಮೇಲೆ ಕೇಳಲಿಲ್ಲ. ಕೇಳುವ ಯೋಗ್ಯತೆಯೂ ಉಳಿಯಲಿಲ್ಲ.

ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆ. ಗಣಿತದ ದಿನ. ಹೋಗಲಿಲ್ಲ. ಶಾಲೆಯ ಹೊತ್ತಿನಲ್ಲಿ ಯೂನಿಫಾರಂ ಹಾಕಿದವರನ್ನು ನೀವು ಮೆಟ್ಟಿಲು ಹತ್ತಲಿಕ್ಕೆ ಬಿಡುತ್ತಿರಲಿಲ್ಲ, ಅದು ನಿಮ್ಮ ಕಾನೂನು. ಹಾಗಾಗಿ ಚೀಲದಲ್ಲಿ ಬೇರೆ ಅಂಗಿ ಇಟ್ಟುಕೊಂಡೇ ಬಂದಿದ್ದೆ. "ಇವತ್ತು ಎಂತ, ಶಾಲೆ ಇಲ್ವಾ?" "ರಜೆ ಹಮೀದಾಕ." ನಂಬಿದಿರಿ. ಮಧ್ಯಾಹ್ನ ಮೆಟ್ಟಿಲಿಳಿಯುವಾಗ ಕೆಳಗೆ ಪುತ್ತೂರಿನ ಮಾವ ನಿಂತಿದ್ದರು. ಅವ್ವನ ಅಣ್ಣ. ಅಡಿಕೆ ವ್ಯಾಪಾರ, ಮನೆಮಾತು ತುಳು, ಸಿಟ್ಟು ಮೂಗಿನ ತುದಿಯಲ್ಲಿ. ಮೂರು ಗಂಟೆ ಪರದೆ ನೋಡಿ ನನ್ನ ಕಣ್ಣು ಕೆಂಪಾಗಿತ್ತು.

ಮನೆಯಲ್ಲಿ ಅಪ್ಪ ಬೆತ್ತ ತೆಗೆದರು. "ಯಾಕೆ ಹೋದದ್ದು ಅಲ್ಲಿಗೆ?" ನಾನು ಹೇಳಿದೆ: "ಹಮೀದಾಕ ಕರೆದರು." ಅವತ್ತು ನೀವು ಕರೆದೇ ಇರಲಿಲ್ಲ. "ಎಂತ ಹೇಳಿ ಕರೆದದ್ದು?" "ಒಂದು ಕಲಿ ಉಂಟು, ಬಾ — ಹೇಳಿ."

ಮಾವನ ಕಿವಿ ನೆಟ್ಟಗಾಯಿತು. ಹೊರಗಿನವರಿಗೆ ಹೇಳುತ್ತೇನೆ, ತುಳುವಿನಲ್ಲಿ ಕಲಿ ಎಂದರೆ ಕಳ್ಳು. "ಕಲಿಯಾ? ಮಕ್ಕಳಿಗೆ ಕಲಿ ಕೊಡುದಾ ಅವ? ಅದಕ್ಕೇ ಇವನ ಕಣ್ಣು ಹೀಗೆ!" ಅಪ್ಪನ ಮುಖ ನನ್ನಿಂದ ಆಚೆ ತಿರುಗಿತು. ಬೆತ್ತ ಗೋಡೆಗೆ ಒರಗಿತು. ಅದು ಒರಗಿದ ಸಣ್ಣ ಸದ್ದಿಗೆ ನನಗಾದ ಸಮಾಧಾನ — ನಾಚಿಕೆಗೇಡು, ಆದರೂ ಹೇಳುತ್ತೇನೆ — ಅಂಥ ಸಮಾಧಾನ ಜೀವಮಾನದಲ್ಲಿ ಮತ್ತೆ ಆಗಿಲ್ಲ. "ಹೌದಾ?" ಎಂದು ಮಾವ ಕೇಳಿದರು. ನಾನು "ಹೂಂ" ಎಂದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಎಂಟು-ಹತ್ತು ಜನ ಆ ಮೆಟ್ಟಿಲು ಹತ್ತಿದರು. ಮಾವನ ಕೈ ನನ್ನ ಕಾಲರಿನಲ್ಲಿ. ನೀವು ಬಟ್ಟೆಯಲ್ಲಿ ಪರದೆ ಒರೆಸುತ್ತಿದ್ದಿರಿ. ವಿಷಯ ಕೇಳಿ ಮೊದಲು ನಗು ಬಂತು ನಿಮಗೆ. "ಅಯ್ಯೋ ಮಾರಾಯ್ರೆ, ಅದು ನಮ್ಮ ಕಲಿ, ಆಟ! ನಿಮ್ಮ ಕಲಿ ಅಲ್ಲ! ನಾನು ಕಳ್ಳು ಮುಟ್ಟುವ ಜನವಾ?" ಕನ್ನಡದಲ್ಲಿ ಹೇಳಿದಿರಿ, ತುಳುವಿನಲ್ಲಿ ಹೇಳಿದಿರಿ. ಯಾರೂ ನಗದೇ ಇದ್ದದ್ದು ಕಂಡು ನಗು ನಿಂತಿತು. ಆಮೇಲೆ ನನ್ನನ್ನು ನೋಡಿದಿರಿ. ನನ್ನನ್ನು ಕಂಡು ನಿಮಗೆ ಧೈರ್ಯ ಬಂತು — ಅದು ನನಗೆ ಕಾಣಿಸಿತು ಹಮೀದಾಕ, ಅದೇ ತಡೆಯಲಿಕ್ಕೆ ಆಗದ್ದು. "ನೀನು ಹೇಳು ಮೋನೇ," ಎಂದಿರಿ, ಸ್ವಂತ ಮಗನಿಗೆ ಹೇಳುವ ಹಾಗೆ. "ನಾನು ನಿನ್ನನ್ನು ಎಂತಕ್ಕೆ ಕರೆಯುದು? ಆಟಕ್ಕೆ ಅಂತ ಹೇಳು."

ಒಂದು ಶಬ್ದ. ಮೂರೇ ಅಕ್ಷರ.

ನಾನು ಹೇಳಿದೆ: "ನಂಗೊತ್ತಿಲ್ಲ."

ಯಾರೋ ಒದ್ದರು. ಹೊಡೆದಾಟದ ಮೆಶೀನಿನ ಗಾಜು ಹೋಯಿತು. ಗಾಜು ಹೋದ ಮೇಲೂ ಒಳಗಿನ ಸಂಗೀತ ನಿಲ್ಲಲಿಲ್ಲ, ಟುಯ್ ಟುಯ್ ಎಂದು ಕುಣಿಯುತ್ತಲೇ ಇತ್ತು. ನೀವೇ ಹೋಗಿ ಪ್ಲಗ್ ಎಳೆದಿರಿ.

ಆಮೇಲಿನದ್ದು ನನಗೆ ಕೆಳಗಿನ ಚಪ್ಪಲಿ ಅಂಗಡಿಯವರಿಂದ ಗೊತ್ತಾದದ್ದು. ಯಜಮಾನರು ಕೋಣೆ ಬಿಡಿಸಿದರು. ಕಳ್ಳಿನ ಸುದ್ದಿ ಮಸೀದಿಯವರೆಗೂ ಹೋಗಿ ನಿಮ್ಮವರೇ ನಿಮ್ಮನ್ನು ಕೂರಿಸಿ ಪ್ರಶ್ನೆ ಕೇಳಿದರಂತೆ. ಮಳೆಗಾಲ ಮುಗಿಯುವ ಮೊದಲು ನೀವು ಮತ್ತೆ ಗಲ್ಫಿಗೆ ಹೋದಿರಿ. ನಿಮ್ಮನ್ನು ಅಷ್ಟರಲ್ಲಿ ಗುರುತು ಹಿಡಿಯಲಿಕ್ಕೆ ಕಲಿತಿದ್ದ ಮಗಳನ್ನು ಬಿಟ್ಟು. ನಾನು ಗಣಿತದಲ್ಲಿ ಪಾಸಾದೆ.

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದು, ಅದೊಂದು ತಪ್ಪು ತಿಳುವಳಿಕೆ, ಭಾಷೆಯ ಎಡವಟ್ಟು, ನಾನು ಬರೇ ಅದರ ನಡುವೆ ಸಿಕ್ಕಿಬಿದ್ದ ಹುಡುಗ. ಗುಂಪಿನಲ್ಲಿ ನಗುವ ಮುಖ ಒತ್ತಿದ ಮರು ವಾರ ಪುತ್ತೂರಿಗೆ ಹೋದೆ. ಮಾವನಿಗೆ ಎಂಬತ್ತು ದಾಟಿದೆ. ಚಾ ಕುಡಿಯುತ್ತಾ, ಅವತ್ತಿನ ಕಲಿ ಎಂದರೆ ಆಟ ಮಾವ, ಎಂದೆ. ಅವರು ಬಿಸ್ಕೇಟು ಅದ್ದುತ್ತಾ ಹೇಳಿದರು: "ಗೊತ್ತುಂಟು ಮಾರಾಯ. ಬ್ಯಾರಿಗಳ ಹತ್ತಿರ ನಲವತ್ತು ವರ್ಷ ವ್ಯಾಪಾರ ಮಾಡಿದವ ನಾನು, ನನಗೆ ಅವರ ಭಾಷೆ ಬರುದಿಲ್ವಾ? ಅವನನ್ನು ಅಲ್ಲಿಂದ ಎಬ್ಬಿಸಬೇಕಿತ್ತು. ನೀನು ಒಂದು ಶಬ್ದ ಕೊಟ್ಟೆ."

ನೀನು ಒಂದು ಶಬ್ದ ಕೊಟ್ಟೆ.

ನಮ್ಮ ಊರಿನಲ್ಲಿ ಮೀನು ಮಾರುವವರಿಗೂ ನಾಲ್ಕು ಭಾಷೆ ಬರುತ್ತದೆ. ಮಗು ಮನೆಯಲ್ಲಿ ಒಂದರಲ್ಲಿ ಅತ್ತು, ರಸ್ತೆಯಲ್ಲಿ ಇನ್ನೊಂದರಲ್ಲಿ ಜಗಳಾಡಿ, ಶಾಲೆಯಲ್ಲಿ ಮತ್ತೊಂದರಲ್ಲಿ ಪೆಟ್ಟು ತಿನ್ನುತ್ತದೆ. ಭಾಷಣದಲ್ಲಿ ಅದನ್ನೇ ಹೇಳಿ ಹೇಳಿ ಎದೆ ಉಬ್ಬಿಸುತ್ತೇವೆ. ಆ ದಿನ ಆ ಕೋಣೆಯಲ್ಲಿದ್ದ ಹತ್ತು ಜನರಲ್ಲಿ ಒಬ್ಬನಿಗೂ ಕಲಿ ಎಂದರೆ ಆಟ ಎಂದು ಗೊತ್ತಿರಲಿಲ್ಲವಂತೆ! ಥೂ. ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ನಿಲ್ಲಲಿಕ್ಕೆ ಅವರಿಗೊಬ್ಬ ಹುಡುಗ ಬೇಕಿತ್ತು, ನಾನು ನಿಂತೆ. ಮಾವನನ್ನು ಬೈದು ನಾನು ಹಗುರಾಗುವುದಿಲ್ಲ. ಅವರಿಗೆ ಅಷ್ಟೇ ಗೊತ್ತಿತ್ತು. ನನಗೆ ನೀವು ಗೊತ್ತಿದ್ದಿರಿ.

ಗುಂಪಿನಲ್ಲಿ ಬರೆದೆ. ಕಳ್ಳಿನ ಮಾತು ಸುಳ್ಳು, ಹೇಳಿದವನು ನಾನು, ಎಂದು. ದಿನೇಶ, "ಬಿಡು ಮಾರಾಯ, ಹಳೇ ಕಥೆ." ಅದರ ಮೇಲೆ ಸತೀಶ ಗುಲಾಬಿ ಹೂವಿನ ಶುಭೋದಯ ಹಾಕಿದ.

ಇನ್ನೊಂದು ಉಂಟು. ಇಷ್ಟು ಬರೆದೂ ಅದನ್ನು ಮುಚ್ಚಿಟ್ಟುಕೊಂಡೇ ಮುಗಿಸಿಬಿಡೋಣವೋ ಎಂದು ನೋಡುತ್ತಿದ್ದೆ.

ನಾನೀಗ ಕಡಬದ ಕಡೆ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಹೌದು, ನಗಿ. ಪ್ರತಿ ವರ್ಷ ನಾನಾರ್ಥ ಪದಗಳ ಪಾಠ ಮಾಡುತ್ತೇನೆ, ಪ್ರತಿ ವರ್ಷ ಒಂದು ಶಬ್ದ ಬಿಟ್ಟು. ಈ ಜೂನಿನಲ್ಲಿ ಎಂಟನೆಯ ಕ್ಲಾಸಿನ ಒಬ್ಬಳು ಕೈ ಎತ್ತಿದಳು. "ಸರ್, ಕಲಿ. ಕನ್ನಡದಲ್ಲಿ ಪಾಠ ಕಲಿಯುದು. ತುಳುವಿನಲ್ಲಿ ಕಳ್ಳು. ನಮ್ಮ ಭಾಷೆಯಲ್ಲಿ ಆಟ. ಆದ್ರೆ ನಮ್ಮ ಮನೆಯಲ್ಲಿ ಅದನ್ನು ಹೇಳ್ಲಿಕ್ಕಿಲ್ಲ ಸರ್, ಉಪ್ಪಾಪನಿಗೆ ಆಗುದಿಲ್ಲ. ಮೊದ್ಲು ಸುಳ್ಯದಲ್ಲಿ ಅವರದ್ದು ಗೇಮಿನ ಅಂಗಡಿ ಇತ್ತಂತೆ. ನಾವು ಆಟಕ್ಕೆ ಆಟ ಅಂತ ಕನ್ನಡದಲ್ಲೇ ಹೇಳುದು." ಕ್ಲಾಸು ನಕ್ಕಿತು. ಅವಳೂ ನಕ್ಕಳು. ಅಜ್ಜನ ನಗು, ಅಳಿಯದೆ ಹಾಗೇ ಉಳಿದಿತ್ತು.

ಗೊತ್ತಾಯಿತು ನನಗೆ. ಗೊತ್ತಾಗಿ, ಬೋರ್ಡಿನ ಮೇಲೆ ಮೊದಲಿನ ಎರಡು ಅರ್ಥ ಬರೆದು, ಕೈಯ ಸೀಮೆಸುಣ್ಣ ಕೆಳಗಿಟ್ಟೆ. "ಅಷ್ಟು ಸಾಕು. ಕೂತ್ಕೊ" ಎಂದೆ. ಅವಳು ಕೂತಳು.

ನಿಮ್ಮ ಮನೆಯಿಂದ ಒಂದು ಶಬ್ದವನ್ನೇ ಕಿತ್ತುಕೊಂಡಿದ್ದೇನೆ. ಅದು ಸಾಲದೆ, ನಿಮ್ಮ ಮೊಮ್ಮಗಳು ಹೇಳಿದ ಅರ್ಥವನ್ನು ಬೋರ್ಡಿಗೆ ಹತ್ತಿಸಲಿಲ್ಲ. ನಾಳೆ ಎರಡನೇ ಪೀರಿಯಡ್ಡಿಗೆ ಅದೇ ಕ್ಲಾಸು. ಬರೆಯುತ್ತೇನೆ, ಮೂರನ್ನೂ. ಎರಡು ತಿಂಗಳ ಹಿಂದೆ ಯಾಕೆ ಬರೆಯಲಿಲ್ಲ ಎಂದೂ ಹೇಳುತ್ತೇನೆ.

ನಿಮಗೆ ಕನ್ನಡ ಓದಲಿಕ್ಕೆ ಬಾರದು ಎಂದು ಗೊತ್ತಿದ್ದೂ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಇದೂ ನನ್ನ ಹಳೇ ಬುದ್ಧಿಯೇ, ಹೇಳಿದ ಹಾಗೂ ಆಗಬೇಕು, ಕೇಳಿಸಲೂ ಬಾರದು. ಕಾಗದವನ್ನು ನಿಮ್ಮ ಮೊಮ್ಮಗಳ ಚೀಲದಲ್ಲಿ ಕಳಿಸಬಹುದು, ಅವಳು ಓದಿ ಹೇಳಿಯಾಳು. ಬೇಡ. ಒಂದು ಮಗುವಿನ ಬಾಯಿಯಿಂದ ಆದದ್ದು ಸಾಕು.

ಭಾನುವಾರ ನಾನೇ ಬರುತ್ತೇನೆ. ಒಳಗೆ ಕರೆಯಬೇಕಾಗಿಲ್ಲ, ಬಾಗಿಲಿಗೆ ಒರಗಿ ನಿಂತು ನನಗೆ ಅಭ್ಯಾಸವಿದೆ. ಅಲ್ಲೇ ನಿಂತು ಇದನ್ನು ಗಟ್ಟಿಯಾಗಿ ಓದುತ್ತೇನೆ, ಮನೆಯವರೆಲ್ಲ ಕೇಳುವ ಹಾಗೆ. ನೀವು ಬೈದರೆ ಕೇಳುತ್ತೇನೆ. ಬಾಗಿಲು ಹಾಕಿದರೆ ಹೊರಗಿನಿಂದಲೇ ಓದಿ ಮುಗಿಸುತ್ತೇನೆ. ಕ್ಷಮಿಸಿ ಎನ್ನುವುದಿಲ್ಲ, ಅದು ಮತ್ತೆ ನಿಮ್ಮಿಂದಲೇ ಏನೋ ಕೇಳಿದಂತಾಗುತ್ತದೆ. ನೀವು ಕೇಳಿದ ಪ್ರಶ್ನೆಯೊಂದು ನನ್ನ ಹತ್ತಿರ ಬಾಕಿ ಉಳಿದಿದೆ, ಅದಕ್ಕೆ ಉತ್ತರ ಹೇಳಿ ಹೋಗುತ್ತೇನೆ.

ಆಟಕ್ಕೆ, ಹಮೀದಾಕ. ನೀವು ನನ್ನನ್ನು ಕರೆಯುತ್ತಿದ್ದದ್ದು ಆಟಕ್ಕೆ.