ಸೌದೆ ಒಡೆಯುವ ಮಷಿನ್ ನೋಡಲು ಹೋದದ್ದು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ನರ್ಸ್ ಆಗಿದ್ದೆ. ಬಹುಪಾಲು ತುರುವೇಕೆರೆಯಲ್ಲಿ, ಕೊನೆಯ ಕೆಲವು ವರ್ಷ ತಿಪಟೂರಿನಲ್ಲಿ. ನಿವೃತ್ತಿಯಾದ ಮೇಲೂ ಅಲ್ಲಿಯ ನಮ್ಮ ಬೀದಿಯವರಿಗೆ ನಾನು ಸಿಸ್ಟರಮ್ಮನೇ. ಸೌದೆ ಒಡೆಯುವ ಮಷಿನ್ ಆರಿಸುವ ಕೆಲಸ ನನ್ನ ತಲೆಗೆ ಬಂದದ್ದು ಅದರಿಂದಲೇ. ಮಷಿನ್ನುಗಳ ವಿಚಾರ ನನಗೇನೂ ಗೊತ್ತಿರಲಿಲ್ಲ. ಮಷಿನ್ನಿಗೆ ಸಿಕ್ಕಿದ ಕೈಗಳು ಹೇಗಿರುತ್ತವೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಬಡವರ ಮನೆಯಲ್ಲಿ ಸಾವಾದರೆ ಪುಕ್ಕಟೆ ಸೌದೆ ಕೊಡುವ ಕೆಲಸವನ್ನು ಶುರು ಮಾಡಿದವರು ನಮ್ಮ ಬೀದಿಯ ಕೊಬ್ಬರಿ ವ್ಯಾಪಾರಿ. ಕೊರೊನಾ ಕಾಲದಲ್ಲಿ ಹೆಣ ಇಟ್ಟುಕೊಂಡು ಸೌದೆಗಾಗಿ ಅಲೆದವರನ್ನು ಅವರು ಕಣ್ಣಾರೆ ನೋಡಿದ್ದರು. ಗೋದಾಮಿನ ಹಿಂದಿನ ಜಾಗಕ್ಕೆ ತಗಡು ಹೊದಿಸಿ ಸೌದೆ ಕೂಡಿಡತೊಡಗಿದರು. ಸುತ್ತಲಿನ ತೋಟದವರು ಬಿದ್ದ ಮಾವು, ಹುಣಸೆ, ಹೊಂಗೆ, ಬೇಲಿಯ ಜಾಲಿ ಕೊಡುತ್ತಿದ್ದರು. ತೆಂಗಿನ ಬೊಡ್ಡೆ ಕೊಡುತ್ತೇವೆ ಅನ್ನುವವರೇ ಜಾಸ್ತಿ. ಅದು ಬರೀ ನಾರು, ಕೊಡಲಿಗೆ ಬಗ್ಗುವುದಿಲ್ಲ, ಅವರಿಗೆ ಬೇಜಾರಾಗದ ಹಾಗೆ ಬೇಡ ಅನ್ನಬೇಕಿತ್ತು. ಫೋನಿನಲ್ಲಿ ಹಾಗೆ ಹೇಳುವುದು, ಸೌದೆ ಕೇಳಿಕೊಂಡು ಬಂದವರನ್ನು ಕೂರಿಸಿ ನೀರು ಕೊಡುವುದು ನನ್ನ ಪಾಲಿನ ಕೆಲಸ.

ಸೌದೆ ಒಡೆಯುತ್ತಿದ್ದವರು ಗಂಡ ಹೆಂಡತಿ ಇಬ್ಬರು. ಅವನಿಗೆ ಅರವತ್ತು ದಾಟಿತ್ತು, ಅವಳಿಗೆ ಐವತ್ತರ ಆಸುಪಾಸು. ಅವನು ಕೊಡಲಿ ಬೀಸುತ್ತಿದ್ದ, ಅವಳು ಬೆಣೆ ಇಡುತ್ತಿದ್ದಳು. ಒಂದು ವರ್ಷದಿಂದ ಅವನ ಬಲಭುಜ ಮೇಲೇಳದಂತಾಗಿತ್ತು. ಹಿಂದಿನ ಮಳೆಗಾಲದಲ್ಲಿ ಒಂದು ಮನೆಗೆ ಒಡೆಯದ ದಿಮ್ಮಿಗಳನ್ನೇ ಕಳಿಸಬೇಕಾಯಿತು. ಜಿನುಗುಮಳೆಯಲ್ಲಿ ಚಿತೆ ಹತ್ತಲಿಲ್ಲ. ಸತ್ತವನ ಮಗಳು ಮಧ್ಯಾಹ್ನದಿಂದ ಸಂಜೆಯವರೆಗೆ ಹೊಗೆಯಲ್ಲಿ ನಿಂತಿದ್ದಳಂತೆ. ಅದನ್ನು ಕೇಳಿದ ದಿನವೇ ವ್ಯಾಪಾರಿ ಮಷಿನ್ ತರಿಸುವ ಮಾತೆತ್ತಿದರು.

"ನಾನು ನಡೆಸ್ತೀನಿ ಬುಡಿ, ಅದೇನ್ ಮಹಾ" ಅಂದಳು ಹೆಂಡತಿ.

ಮಷಿನ್ ಆರಿಸಲು ನೀವೂ ಬನ್ನಿ ಎಂದು ವ್ಯಾಪಾರಿ ನನ್ನನ್ನು ಕರೆದರು. ನನ್ನ ಡ್ಯೂಟಿಯ ಕಾಲದಲ್ಲಿ ಒಬ್ಬ ಹೆಂಗಸು ಮೇವು ಕತ್ತರಿಸುವ ಮಷಿನ್ನಿಗೆ ಕೈ ಕೊಟ್ಟುಕೊಂಡು ಬಂದಿದ್ದಳು. ಬಂದವಳು ಅಳುತ್ತಿರಲಿಲ್ಲ. ಟವೆಲಿನಲ್ಲಿ ಸುತ್ತಿದ್ದ ಕೈಯನ್ನು ಮಗುವಿನ ಹಾಗೆ ಎದೆಗವಚಿಕೊಂಡು, "ಸಾಯಂಕಾಲ ಹಾಲು ಕರೀಬೇಕು, ಬೇಗ ಕಟ್ಟಿ ಕಳ್ಸಿ ಸಿಸ್ಟ್ರೇ" ಅಂದಿದ್ದಳು. ಟವೆಲು ಬಿಚ್ಚಿದವಳು ನಾನು. ಒಳಗೆ ಏನಿತ್ತು ಎಂದು ಇಲ್ಲಿ ಬರೆಯಲಾರೆ.

ಇದನ್ನು ವ್ಯಾಪಾರಿಗೆ ಹೇಳಿದೆ. ನನ್ನನ್ನು ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ಅವರು, "ಅದಕ್ಕೇ ನೀವು ಬರಬೇಕು ಸಿಸ್ಟರ್. ನಮಗೆ ಮಷಿನ್ ಎಷ್ಟು ಜೋರಾಗಿ ಒಡೆಯುತ್ತೆ ಅನ್ನೋದು ಕಾಣುತ್ತೆ. ಮಿಕ್ಕಿದ್ದು ನಿಮಗೆ ಕಾಣುತ್ತೆ" ಅಂದರು.

ಮೊದಲ ಮಷಿನ್ ನೋಡಲು ನಾವು ನಾಲ್ವರೂ ಅವರ ಕಾರಿನಲ್ಲಿ ಹೊರಟೆವು. ಅಮ್ಮಸಂದ್ರ ದಾಟಿ ಒಂದಷ್ಟು ದೂರ ಹೋದ ಮೇಲೆ ರಸ್ತೆಬದಿಯಲ್ಲೊಂದು ಚಿಕ್ಕ ವರ್ಕ್‌ಶಾಪು. ಹೆಂಡತಿ ದಿನವೂ ಕೆಲಸಕ್ಕೆ ಸೀರೆಯ ಮೇಲೆ ಗಂಡನ ಹಳೇ ಶರ್ಟು ತೊಟ್ಟು ಬರುತ್ತಿದ್ದವಳು. ಅವತ್ತು ಕಾರಿನಲ್ಲಿ ಹೋಗುವುದು ಅಂತ ಶರ್ಟು ಬಿಟ್ಟು, ಗಿಣಿಹಸಿರು ಬಣ್ಣದ ನೈಲೆಕ್ಸ್ ಸೀರೆ ಉಟ್ಟು, ಸೆರಗಿಗೆ ಪಿನ್ ಹಾಕಿಕೊಂಡು ಬಂದಿದ್ದಳು. ಚೆನ್ನಾಗಿ ಕಾಣ್ತೀಯ ಕಣೇ ಅಂದಿದ್ದೆ ನಾನು. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಮಷಿನ್ ಎಂದರೆ ಒಂದು ಮೋಟಾರು, ಒಂದು ಬೆಲ್ಟು, ಮುಂದಕ್ಕೆ ಚಾಚಿದ ಕಬ್ಬಿಣದ ದೊಡ್ಡ ಬುಗುರಿಯಂಥದ್ದು. ಬುಗುರಿಯ ಮೈಮೇಲೆ ಸ್ಕ್ರೂವಿನ ಹಾಗೆ ಸುತ್ತುಗೆರೆ ಕೊರೆದಿತ್ತು. ಅದು ತಿರುಗುತ್ತಿರುವಾಗ ಕೈಯಲ್ಲಿ ದಿಮ್ಮಿ ಹಿಡಿದು ಅದರ ಮೊನೆಗೆ ಒತ್ತಬೇಕು. ಬುಗುರಿ ಮರದೊಳಗೆ ಕೊರೆದುಕೊಂಡು ಹೋಗುತ್ತದೆ, ಮರ ಎರಡಾಗುತ್ತದೆ. ವರ್ಕ್‌ಶಾಪಿನವನು ಒಂದು ಮಾವಿನ ತುಂಡನ್ನು ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಎರಡು ಹೋಳು. ವ್ಯಾಪಾರಿಯ ಮುಖ ಅರಳಿತು.

"ನೋಡಿದ್ರಾ ಸಿಸ್ಟರ್? ಒಂದು ಚಿತೆಗೆ ಅರ್ಧ ಗಂಟೆ ಸಾಕು!"

ನಾನು ನೋಡುತ್ತಿದ್ದದ್ದು ಬುಗುರಿಯನ್ನು. ಅದಕ್ಕೆ ಮುಚ್ಚಳವಿರಲಿಲ್ಲ, ಸುತ್ತ ಒಂದು ತಗಡಿನ ಮರೆಯೂ ಇರಲಿಲ್ಲ. ಎರಡನೆಯ ತುಂಡು ಸೀಳದೆ ಬುಗುರಿಯ ಜೊತೆಗೇ ಗಿರ್ರನೆ ತಿರುಗಿಬಿಟ್ಟಿತು, ಅವನು ಕೈ ಬಿಟ್ಟು ಹಿಂದಕ್ಕೆ ಹಾರಿದ. "ಗಂಟು ಇತ್ತು, ಹಂಗಾಯ್ತದೆ" ಎಂದು ನಕ್ಕ. ಗೋಡೆಯ ಮೇಲಿನ ಸ್ವಿಚ್ಚಿನ ಹತ್ತಿರ ಹೋಗಿ ನಿಂತುಕೊಂಡೆ. ಹಸಿರು ಗುಂಡಿ ಆನ್, ಕೆಂಪು ಆಫ್ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಬಾಯಿ ಬಿಟ್ಟು ಬೇಡ ಅನ್ನಬೇಕಿತ್ತು. ಇಷ್ಟು ಜನ ಗಂಡಸರ ಮುಂದೆ ಹೆದರುಪುಕ್ಕಲಿ ಅನ್ನಿಸಿಕೊಳ್ಳುವುದು ಹೇಗೆ ಎಂದು ಸುಮ್ಮನಿದ್ದೆ.

"ನಾನೊಂದ್ಸಲ ಮಾಡ್ಲಾ?" ಎಂದು ಹೆಂಡತಿ ಮುಂದೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ತುಂಡು ಎತ್ತಿ ಒತ್ತಿದಳು. ಅದು ಒಡೆಯಿತು. ಹೋಳು ಎತ್ತಿಕೊಳ್ಳಲು ಬಗ್ಗಿದಾಗ ಸೊಂಟದಲ್ಲಿದ್ದ ಸೆರಗು ಜಾರಿತು.

ಮುಂದಿನದು ನಡೆದದ್ದು ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಹಸಿರು ಬಟ್ಟೆ ಬುಗುರಿಗೆ ಸುತ್ತಿಕೊಂಡದ್ದನ್ನು ಕಂಡೆ. ಅವಳ ಭುಜ ಧಡಕ್ಕನೆ ಮುಂದಕ್ಕೆ ಹೋಯಿತು. ಅವಳು ಕೂಗಲಿಲ್ಲ, ಎರಡು ಕೈಯನ್ನೂ ಮಷಿನ್ನಿನ ಚೌಕಟ್ಟಿಗೆ ಕೊಟ್ಟು ಹಿಂದಕ್ಕೆ ಒತ್ತಿಕೊಂಡಳು. ಕೂಗಿದ್ದು ನಾನು. ಕೂಗುತ್ತಲೇ ಕೆಂಪು ಗುಂಡಿ ಒತ್ತಿದೆ. ಮೋಟಾರಿನ ಸದ್ದು ನಿಂತಿತು, ಬುಗುರಿ ನಿಲ್ಲಲಿಲ್ಲ, ಓಡಿದ ವೇಗಕ್ಕೆ ಇನ್ನೂ ತಿರುಗುತ್ತಲೇ ಇತ್ತು. ಅವಳ ಗಂಡ, ಭುಜ ಎತ್ತಲಾಗದವನು, ಅವಳನ್ನು ಸೊಂಟದಲ್ಲಿ ತಬ್ಬಿ ಹಿಂದಕ್ಕೆ ಜಗ್ಗಿದ. ಪಿನ್ ಕಿತ್ತು ಹಾರಿತು, ಸೀರೆ ಪರ್ರನೆ ಹರಿಯಿತು, ಇಬ್ಬರೂ ನೆಲಕ್ಕೆ ಬಿದ್ದರು. ಬುಗುರಿ ನಿಂತಾಗ ಅದಕ್ಕೆ ಅರ್ಧ ಸೀರೆ ದಪ್ಪಗೆ ಸುತ್ತಿಕೊಂಡಿತ್ತು.

ಓಡಿಹೋಗಿ ಅವಳ ಕತ್ತು ನೋಡಿದೆ, ಉಸಿರು ನೋಡಿದೆ. ಎರಡು ಕೈಯನ್ನೂ ಹಿಡಿದು ಬೆರಳು ಎಣಿಸಿದೆ. ಹತ್ತಿದ್ದವು. ನಂಬಿಕೆ ಬರದೆ ಮತ್ತೆ ಎಣಿಸಿದೆ. ಕತ್ತಿನ ಮೇಲೆ ಬರೆ ಎಳೆದಂತೆ ಕೆಂಪು ಗೆರೆ ಎದ್ದಿತ್ತು, ಅಷ್ಟೇ. ನನ್ನ ಶಾಲು ಹೊದಿಸಿದೆ. ಅವಳು ಮೊದಲು ಕೇಳಿದ್ದು, "ನನ್ ಸೀರೆ?" ಎಂದು.

"ಸೀರೆ ಉಟ್ಕಂಡು ಮಷಿನ್ ಮುಟ್ಟಬಾರ್ದಾಗಿತ್ತು ಕಣ್ರೀ" ಅಂದ ವರ್ಕ್‌ಶಾಪಿನವನು. ಅವನ ಮುಖವೂ ಬಿಳಿಚಿಕೊಂಡಿತ್ತು. ನಾನು ಏನೇನು ಬೈದೆನೋ ನೆನಪಿಲ್ಲ. ವ್ಯಾಪಾರಿ ಹೊರಗೆ ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡರು.

ಬರುವಾಗ ಕಾರಿನಲ್ಲೇ ಹೇಳಿಬಿಟ್ಟೆ, "ಮಷಿನ್ ಬೇಡ. ಬೇಕು ಅಂದ್ರೆ ನನ್ನನ್ನು ಬಿಟ್ಟು ತಗೊಳ್ಳಿ."

ಎರಡು ವಾರ ಮಷಿನ್ನಿನ ಮಾತೇ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಾಲ್ಕುರಿಕೆ ಕಡೆಯಿಂದ ಫೋನ್ ಬಂತು, ಅಲ್ಲೊಂದು ಸಾವು. ಒಡೆದ ಸೌದೆ ಇರಲಿಲ್ಲ. ನಾನು ಗೋದಾಮಿಗೆ ಹೋದಾಗ ಗಂಡ ಕೊಡಲಿ ಎತ್ತಿದ್ದ. ಎಡಗೈಯ ಬಲದಲ್ಲೇ ಬೀಸುತ್ತಿದ್ದ. ನಾಲ್ಕನೆಯದೋ ಐದನೆಯದೋ ಏಟಿಗೆ ಕೊಡಲಿ ಕೈಯಿಂದ ಜಾರಿ, ಬೆಣೆ ಇಡುತ್ತಿದ್ದ ಅವಳ ತಲೆಯ ಪಕ್ಕದಿಂದ ಹಾದು, ಹಿಂದಿದ್ದ ಡ್ರಮ್ಮಿಗೆ ಢಣ್ಣನೆ ಬಡಿಯಿತು. ಅವನು ಅಲ್ಲೇ ಕುಕ್ಕರಿಸಿದ.

"ಇನ್ ನನ್ ಕೈಲಾಗಲ್ಲ ಸಿಸ್ಟ್ರಮ್ಮ. ಇವಳನ್ನ ನಾನೇ ಕೊಂದಾಕ್ಬುಡ್ತೀನಿ" ಅಂದ. ಅವನು ನನ್ನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು.

ಮಷಿನ್ ಬೇಡ ಅಂದರೆ ಭಯ ತಪ್ಪುತ್ತದೆ ಅಂದುಕೊಂಡಿದ್ದೆ. ಅದು ಕೊಡಲಿಯ ಕಡೆಗೆ ತಿರುಗಿತ್ತು, ಅಷ್ಟೇ. ಹಾಲ್ಕುರಿಕೆಗೆ ಒಡೆಯದೆ ಉರಿಯುವಂಥ ಕೊಂಬೆಗಳನ್ನೇ ಆರಿಸಿ ಕಳಿಸಿದೆವು. ಮಧ್ಯಾಹ್ನ ಹೆಂಡತಿ ನನ್ನ ಪಕ್ಕ ಬಂದು ಕೂತು, "ಆ ಬುಗ್ರಿದು ಬ್ಯಾಡ ಅಕ್ಕ. ಬ್ಯಾರೆ ತರದ್ದು ಇರ್ತದಂತಲ್ಲ, ಅದ್ನ ನೋಡೋಣ ನಡೀರಿ" ಅಂದಳು. ಕತ್ತಿನ ಗೆರೆ ಅವಳಿಗೆ ಇನ್ನೂ ಮಾಸಿರಲಿಲ್ಲ.

ಚಿಕ್ಕನಾಯಕನಹಳ್ಳಿಯಲ್ಲಿ ಮದುವೆ ಅಡುಗೆ ಮಾಡಿಸುವ ಒಬ್ಬರು ಹೈಡ್ರಾಲಿಕ್ ಮಷಿನ್ ಇಟ್ಟುಕೊಂಡಿದ್ದರು. ಈ ಸಲ ಅವಳು ಗಂಡನ ಶರ್ಟು ತೊಟ್ಟು, ಕೊನೆಯ ಗುಂಡಿಯವರೆಗೆ ಹಾಕಿಕೊಂಡು ಬಂದಳು. ಇದರಲ್ಲಿ ತಿರುಗುವುದು ಏನೂ ಹೊರಗೆ ಕಾಣುತ್ತಿರಲಿಲ್ಲ. ದಿಮ್ಮಿಯನ್ನು ಮಲಗಿಸಿದರೆ ಎಣ್ಣೆಯ ಒತ್ತಡದಿಂದ ಒಂದು ಉಕ್ಕಿನ ಕಂಬ ನಿಧಾನಕ್ಕೆ ಬಂದು ಅದನ್ನು ಎದುರಿನ ಬೆಣೆಗೆ ತಳ್ಳುತ್ತದೆ. ಎತ್ತು ನಡೆದಷ್ಟು ನಿಧಾನ. ಎರಡು ಹಿಡಿ ಇದ್ದವು, ಎರಡು ಕೈಯಲ್ಲೂ ಹಿಡಿದರೆ ಮಾತ್ರ ಕಂಬ ಓಡುತ್ತದೆ ಎಂದು ವ್ಯಾಪಾರಿ ಮೊದಲೇ ಕೇಳಿ ತಿಳಿದುಕೊಂಡಿದ್ದರು. ಎರಡು ಕೈಯೂ ಹಿಡಿಯಲ್ಲಿದ್ದರೆ ಬೆಣೆಯ ಹತ್ತಿರ ಕೈ ಹೋಗುವುದಾದರೂ ಹೇಗೆ? ಮೊದಲ ಸಲ ಉಸಿರು ಸಲೀಸಾಯಿತು.

ಅಷ್ಟರಲ್ಲಿ ನೋಡುತ್ತೇನೆ, ಎಡಗಡೆಯ ಹಿಡಿಯನ್ನು ತೆಂಗಿನ ಹಗ್ಗದಿಂದ ಬಿಗಿದು ಕಟ್ಟಿದ್ದಾರೆ.

"ಇದ್ಯಾಕೆ?" ಅಂದೆ.

"ಎಲ್ಡು ಕೈನೂ ಅದಕ್ಕೇ ಕೊಟ್ರೆ ಸೌದೆ ಯಾರು ಹಿಡ್ಕತಾರೆ ಸಿಸ್ಟರಮ್ಮ? ಒಂದ್ ಕೈಲಿ ಸೌದೆ, ಒಂದ್ ಕೈಲಿ ಹಿಡಿ. ಬಿರ್ರನೆ ಆಯ್ತದೆ" ಅಂದರು ಅಡುಗೆಯವರು.

ಕೈ ಉಳಿಸಲೆಂದು ಮಾಡಿದ ಮಷಿನ್ನನ್ನೂ ಒಂದು ಮೊಳ ಹಗ್ಗ ಕೈ ತಿನ್ನುವಂತೆ ಮಾಡಿಬಿಡುತ್ತದೆ. ನಾನೇ ಕೂತು ಹಗ್ಗ ಬಿಚ್ಚಿದೆ. ಎರಡು ಹಿಡಿಯನ್ನೂ ನನ್ನ ಕೈಯಲ್ಲೇ ಹಿಡಿದೆ. ಕಂಬ ಹೊರಟಿತು. ಎಡಗೈ ಬಿಟ್ಟೆ, ನಿಂತಿತು. ಬಲಗೈ ಬಿಟ್ಟೆ, ನಿಂತಿತು. ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ಎಷ್ಟು ಸಲ ಹಾಗೆ ಮಾಡಿದೆನೋ, ಅಡುಗೆಯವರು, "ಏನ್ರಮ್ಮ, ಮಷಿನ್ನಿಗೆ ಬೀಪಿ ನೋಡ್ತಾ ಇದೀರಾ?" ಎಂದು ನಕ್ಕರು. ನಗಲಿ ಎಂದು ಇನ್ನೂ ನಾಲ್ಕು ಸಲ ನೋಡಿದೆ.

ಆ ಜಾತಿಯ ಮಷಿನ್ನನ್ನೇ ತರಿಸಿದೆವು. ದಿಮ್ಮಿ ಉರುಳದಂತೆ ಎರಡು ಪಕ್ಕ ಆತುಕೊಳ್ಳುವ ಕಂಬಿ ಇದ್ದದ್ದೇ ಬೇಕು ಎಂದು ಹಟ ಹಿಡಿದೆ. ಹಿಡಿಗಳ ಸುತ್ತ ತಗಡಿನ ಗೂಡು ಮಾಡಿಸಿ, ಅಂಗೈ ಹೋಗುವಷ್ಟೇ ಜಾಗ ಬಿಡಿಸಿದೆ. ಹಗ್ಗ ಸುತ್ತಲು ಬರಬಾರದು. "ಸಿಸ್ಟರ್, ಇದು ಸ್ವಲ್ಪ ಅತಿಯಾಯ್ತು" ಅಂದರು ವ್ಯಾಪಾರಿ. ಆದರೆ ಮಾಡಿಸಿಕೊಟ್ಟರು.

ಮೊದಲ ದಿನ ಅವಳು ಶರ್ಟು, ಕನ್ನಡಕ, ಬೂಟು ಹಾಕಿ ನಿಂತಳು. ಮಿಕ್ಕವರನ್ನೆಲ್ಲ ನಾನು ಗೆರೆ ಎಳೆದು ಆಚೆ ನಿಲ್ಲಿಸಿದೆ. ಎರಡು ಮಾವಿನ ತುಂಡು ಸಲೀಸಾಗಿ ಹೋದವು. ಮೂರನೆಯದು ಹುಣಸೆ. ಕಂಬ ಅದನ್ನು ಒತ್ತಿತು, ಮರ ಬಿಡಲಿಲ್ಲ. ಮೋಟಾರು ನರಳತೊಡಗಿತು. ಮರದೊಳಗಿಂದ ಕಟಕಟ ಸದ್ದು. ಬಿಡು, ಕೈ ಬಿಡು ಎಂದು ಕಿರುಚಬೇಕು ಅನ್ನುವಷ್ಟರಲ್ಲಿ ಗುಂಡು ಹೊಡೆದಂತೆ ಸದ್ದಾಯಿತು, ಒಂದು ಸಿಬರು ಹಾರಿ ಗೋಡೆಗೆ ಬಡಿಯಿತು. ಅವಳು ಬೆಚ್ಚಿ ಎರಡು ಕೈಯನ್ನೂ ಬಿಟ್ಟಳು. ಕಂಬ ಇದ್ದಲ್ಲೇ ನಿಂತಿತು.

ಅವಳು ನಿಂತ ಕಂಬವನ್ನು ನೋಡಿದಳು, ತನ್ನ ಕೈಗಳನ್ನು ನೋಡಿಕೊಂಡಳು. "ನಿಂತ್ಕತು ಕಣಕ್ಕ" ಅಂದಳು, ಮೆಲ್ಲಗೆ. ಬೆವರು ಒರೆಸಿಕೊಂಡು ಮತ್ತೆ ಹಿಡಿಗಳನ್ನು ಹಿಡಿದಳು. ಗೆರೆಯಾಚೆ ಅವಳ ಗಂಡ ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದ.

ಆಮೇಲೆ ಸುಮಾರು ಎರಡು ತಿಂಗಳು, ಮಷಿನ್ ಓಡುವ ಹೊತ್ತಿಗೆಲ್ಲ ಕುರ್ಚಿ ಹಾಕಿಕೊಂಡು ಎದುರಿಗೆ ಕೂರುತ್ತಿದ್ದೆ. ಪಕ್ಕದಲ್ಲಿ ಬ್ಯಾಂಡೇಜು, ಹತ್ತಿ, ಬಿಗಿದು ಕಟ್ಟಲು ಪಟ್ಟಿ. ಏನೂ ಆಗಲಿಲ್ಲ. ಮಳೆ ಶುರುವಾಗುವ ಮುಂಚೆ ತಗಡಿನ ಕೆಳಗೆ ಒಡೆದ ಸೌದೆ ಎದೆಮಟ್ಟ ಏರಿತ್ತು. ಒಂದು ದಿನ ಅವಳು ಮಷಿನ್ ನಿಲ್ಲಿಸಿ, ಕನ್ನಡಕ ತೆಗೆದು ನನ್ನ ಹತ್ತಿರ ಬಂದಳು.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ ಅಕ್ಕ. ನೀವಿಂಗೆ ಬ್ಯಾಂಡೇಜ್ ಇಟ್ಕಂಡು ನನ್ ಕೈನೇ ನೋಡ್ತಾ ಕೂತ್ರೆ ನಂಗೆ ಕೈ ನಡುಗ್ತವೆ. ಮಷಿನ್ ಕಂಡ್ರೆ ನಂಗೆ ಭಯ ಇಲ್ಲ, ನಿಮ್ ಮುಖ ಕಂಡ್ರೆ ಭಯ ಆಯ್ತದೆ. ನೀವು ಮನೀಗೋಗಿ."

ಅವಳು ಹೇಳಿದ್ದು ಸರಿಯಾಗಿತ್ತು. ಬ್ಯಾಂಡೇಜಿನ ಡಬ್ಬಿಯನ್ನು ಅವಳ ಗಂಡನ ಕೈಗೆ ಕೊಟ್ಟು, ರಕ್ತ ಬಂದರೆ ಎಲ್ಲಿ ಹೇಗೆ ಒತ್ತಿ ಹಿಡಿಯಬೇಕು ಎಂದು ಅವನಿಗೆ ಎರಡು ಸಲ ತೋರಿಸಿ ಹೊರಟೆ. ಗೇಟು ದಾಟುವುದರೊಳಗೆ ಮಷಿನ್ ಮತ್ತೆ ಶುರುವಾಯಿತು. ಬೀದಿಯ ಕೊನೆಯವರೆಗೂ ಅದು ಕೇಳುತ್ತಿತ್ತು. ನಡುವೆ ಒಮ್ಮೆ ನಿಂತಿತು. ನಾನೂ ಸೊಪ್ಪಿನ ಗಾಡಿಯ ಪಕ್ಕ ನಿಂತೆ. ಸೊಪ್ಪಿನವಳು ಏನು ಬೇಕು ಎಂದು ಕೇಳುತ್ತಿದ್ದಳು, ನನ್ನ ಕಿವಿಯೆಲ್ಲ ಗೋದಾಮಿನ ಕಡೆಗಿತ್ತು. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಎದ್ದಿತು. ಒಂದು ಕಟ್ಟು ದಂಟು ತಗೊಂಡು ಮನೆಗೆ ಹೋದೆ.