ಆಂಪ್ಲಿಫೈಯರಿನೊಳಗೆ ಅಕ್ಕಿಕಾಳು

ನಮ್ಮ ಮನೆಯಲ್ಲಿ ಇಲಿ ಇದೆಯಂತೆ.

ಹೇಳಿದ್ದು ನೆರೆಮನೆಯವರಲ್ಲ. ನಮ್ಮೂರು ಇಸಳೂರನ್ನು ಕನಸಿನಲ್ಲೂ ಕಾಣದ, ಬೆಂಗಳೂರಿನ ಸರ್ವಿಸ್ ಸೆಂಟರಿನ ಒಬ್ಬ ಮಹಾನುಭಾವ. ಕಳೆದ ತಿಂಗಳು ಒಂದು ಮಧ್ಯಾಹ್ನ ಎಂಟನೇ ಕ್ಲಾಸಿನ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದೆ. ಫೋನ್ ಬಂತು.

"ಮೇಡಂ, ನಿಮ್ಮ ಆಂಪ್ಲಿಫೈಯರ್ ಒಳಗೆ ಇಲಿ ಸೇರ್ಕೊಂಡಿತ್ತು. ಅಕ್ಕಿ ತಂದು ಕೂಡಿಟ್ಟಿದೆ. ಇಲಿ ಡ್ಯಾಮೇಜಿಗೆ ವಾರಂಟಿ ಬರಲ್ಲ."

"ಇಲಿಯಾ? ನಮ್ಮನೇಲಾ?" ಎಂದು ನಾನು ಕೂಗಿದ್ದಕ್ಕೆ ಪಕ್ಕದಲ್ಲಿ ಕೂತಿದ್ದ ಗಣಿತದ ಮೇಷ್ಟ್ರು ಮೊಸರನ್ನದ ಚಮಚವನ್ನೇ ಕೈಬಿಟ್ಟರು. (ವಾರಕ್ಕೆರಡು ಸಲ ಕಪಾಟು ಎಳೆದು ಹಿಂದೆಲ್ಲ ಗುಡಿಸುವವಳಿಗೆ ಇದಕ್ಕಿಂತ ದೊಡ್ಡ ಬೈಗುಳ ಯಾವುದಿದೆ ಹೇಳಿ?) ಫೋಟೋ ಕಳಿಸ್ತೀವಿ ನೋಡ್ಕೊಳಿ ಮೇಡಂ ಎಂದು ಆತ ಇಟ್ಟುಬಿಟ್ಟ.

ಈ ಪೆಟ್ಟಿಗೆಯ ಪುರಾಣವನ್ನು ಮೊದಲಿನಿಂದ ಹೇಳಬೇಕು. ಸುಸ್ತಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಎಂಬತ್ತೊಂದು. ಮೂರು ವರ್ಷದಿಂದ ನಮ್ಮ ಜೊತೆಗಿದ್ದಾಳೆ. ಕಣ್ಣು ಹೆಚ್ಚುಕಡಿಮೆ ಹೋಗಿದೆ. ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣದು. ಕಿವಿಯೂ ಮಂದವಾಗುತ್ತಿದೆ. ಅಪ್ಪಯ್ಯ ತೀರಿಕೊಂಡು ಹದಿನಾರು ವರ್ಷ. ಹೆಗ್ಗರಣೆ ಸುತ್ತಮುತ್ತ ಎಲ್ಲಿ ತಾಳಮದ್ದಲೆ ಇದ್ದರೂ ಮದ್ದಲೆಗೆ ಅವನೇ ಆಗಬೇಕಿತ್ತು. ಅವನ ಎಡಗೈ ಪೆಟ್ಟಿನ ಬಗ್ಗೆ ಈಗಲೂ ಮಾತಾಡುವವರಿದ್ದಾರೆ.

ತಾಳಮದ್ದಲೆಯಲ್ಲಿ ಅರ್ಥ ಹೇಳುವವರ ಮಾತು ಉಳಿಯುತ್ತದೆ, ಭಾಗವತರ ಪದ ಉಳಿಯುತ್ತದೆ. ಮದ್ದಲೆಯವನು ಬಾಯಿ ಬಿಡುವುದೇ ಇಲ್ಲವಲ್ಲ? ಅಪ್ಪಯ್ಯನ ದನಿ ನಮ್ಮ ಹತ್ತಿರ ಒಂದು ತುಣುಕೂ ಇಲ್ಲ. ಇರುವುದು ಅವನ ಮದ್ದಲೆ. ಯಲ್ಲಾಪುರದ ನಂದೊಳ್ಳಿಯಲ್ಲಿ ನಡೆದ ಒಂದು ತಾಳಮದ್ದಲೆಯನ್ನು ಯಾರೋ ಪುಣ್ಯಾತ್ಮರು ಟೇಪ್ ಮಾಡಿಟ್ಟಿದ್ದರು. ಅದು ಹೋದ ವರ್ಷ ಪೆನ್‌ಡ್ರೈವ್ ಆಗಿ ನಮ್ಮ ಕೈಸೇರಿತು.

ಫೋನಿಗೆ ಹಾಕಿ ಆಯಿಯ ಕಿವಿಗೆ ಹಿಡಿದೆ. ಸ್ವಲ್ಪ ಹೊತ್ತು ಕೇಳಿದಳು. "ಎಲ್ಲಾ ಗಲಗಲ ಹೇಳ್ತು ತಂಗಿ. ಅವ್ರ ಮದ್ದಲೆ ಎಲ್ಲಿದ್ದು?" ಎಂದಳು. (ನಮ್ಮ ಕಡೆ ಮಗಳನ್ನೂ ತಂಗಿ ಎನ್ನುತ್ತಾರೆ.)

ನಿಜ. ಫೋನಿನಲ್ಲಿ ಮದ್ದಲೆಯ ಎಡದ ದಪ್ಪ ಪೆಟ್ಟು ಬರುವುದೇ ಇಲ್ಲ. ಟಿವಿಗೆ ಚುಚ್ಚಿದರೂ ಅಷ್ಟೆ, ಯಾರೋ ಡಬ್ಬಿ ಬಡಿದ ಹಾಗೆ. ಶಿರಸಿಯ ಕಿವಿ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: ವಯಸ್ಸಾದವರಿಗೆ ಸಣ್ಣ ಸ್ವರ ಮೊದಲು ಹೋಗುತ್ತದೆ, ದಪ್ಪ ಸ್ವರ ಕೊನೆಯವರೆಗೂ ಉಳಿಯುತ್ತದೆ. ಅಂದರೆ ಆಯಿಗೆ ಕೊನೆಯವರೆಗೆ ಕೇಳಬಹುದಾದದ್ದು ಅಪ್ಪಯ್ಯನ ಎಡಗೈ. ಅದನ್ನು ಕೇಳಿಸುವ ಯಂತ್ರ ಮಾತ್ರ ನಮ್ಮಲ್ಲಿರಲಿಲ್ಲ.

ನಮ್ಮನೆಯವರು ಇಂಥದ್ದೊಂದು ನೆಪಕ್ಕೆ ಕಾದೇ ಇದ್ದರು. ತಿಂಗಳುಗಟ್ಟಲೆ ಫೋನಿನಲ್ಲಿ ರಿವ್ಯೂ ಓದಿ, ಯುರೋಪಿನಿಂದ ಬರುವ ಒಂದು ಆಂಪ್ಲಿಫೈಯರ್, ಮೊಣಕಾಲೆತ್ತರದ ಎರಡು ಸ್ಪೀಕರ್ ತರಿಸಿದರು. ಮನೆ ಬಾಗಿಲಿಗೇ ಬಂತು. ಬಂದ ದಿನವೇ ಸಂಜೆ ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ ಪೆನ್‌ಡ್ರೈವ್ ಚುಚ್ಚಿದರು.

ಮೊದಲ ಎಡದ ಪೆಟ್ಟಿಗೆ ಕಿಟಕಿಯ ಗಾಜು ಸಣ್ಣಗೆ ನಡುಗಿತು. ಆಯಿ ಎರಡೂ ಕೈ ಕುರ್ಚಿಯ ಮೇಲೂರಿ ಮುಂದಕ್ಕೆ ಬಾಗಿದಳು. "ಇದು ಅವ್ರದ್ದೇ ಕೈ," ಎಂದಳು. ಆಮೇಲೆ ಎರಡು ತಾಸು ಕುರ್ಚಿ ಬಿಟ್ಟು ಏಳಲಿಲ್ಲ. ಮರುದಿನವೂ ಅದೇ. ಬೆಳಿಗ್ಗೆ ಕಾಫಿ, ಸಂಜೆ ಅಪ್ಪಯ್ಯ.

ಇಪ್ಪತ್ತು ದಿನ ನಡೆಯಿತು. ಇಪ್ಪತ್ತೊಂದನೇ ದಿನ ಟಕ್ ಅಂತ ಸದ್ದಾಗಿ ಕೆಂಪು ದೀಪ ಹತ್ತಿತು. ಮದ್ದಲೆ ನಿಂತಿತು.

ಇರಲಿ, ಒಂದು ವರ್ಷ ವಾರಂಟಿ ಇದೆಯಲ್ಲ ಎಂದು ಫೋನ್ ಮಾಡಿದೆವು. ನಿಮ್ಮ ಪಿನ್‌ಕೋಡಿಗೆ ಹೋಂ ಸರ್ವಿಸ್ ಇಲ್ಲ ಎಂದರು. ಮಾರುವಾಗ ಸಿಕ್ಕ ಇಸಳೂರು ರಿಪೇರಿ ಮಾಡುವಾಗ ಎಲ್ಲಿ ಮಾಯವಾಗುತ್ತದೆ? ಹುಬ್ಬಳ್ಳಿ ಕಲೆಕ್ಷನ್ ಸೆಂಟರಿಗೆ ತಲುಪಿಸಿ, ಮೂಲ ಪ್ಯಾಕಿಂಗ್‌ನಲ್ಲೇ ಇರಬೇಕು ಎಂದರು. ಮೂಲ ಥರ್ಮೋಕೋಲನ್ನು ನಾವು ಚೌತಿಯ ಮಂಟಪಕ್ಕೆ ಕತ್ತರಿಸಿ ಬಣ್ಣದ ಕಾಗದ ಅಂಟಿಸಿ ಆಗಿತ್ತು. ಅದನ್ನೇ ಕಿತ್ತು ಜೋಡಿಸಿ, ಮಿಣಮಿಣ ಮಿಂಚುವ ಪ್ಯಾಕಿಂಗಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿಸಿದೆವು.

ಒಂದು ತಿಂಗಳ ಮೇಲೆ ವಾಪಸು ಬಂತು. ಜೊತೆಗೊಂದು ಚೀಟಿ: ಗ್ರಾಹಕರ ಕಡೆಯ ವೋಲ್ಟೇಜ್ ಏರಿಳಿತ. ಸರಿ, ತಪ್ಪು ಹೆಸ್ಕಾಂನದೋ ನಮ್ಮದೋ, ಸ್ಟೆಬಿಲೈಸರ್ ತಂದೆವು.

ಆಯಿಯ ವಿಚಾರಣೆ ಬೇರೆಯೇ ಇತ್ತು. "ಪೂಜೆ ಮಾಡ್ದೇ ಹಚ್ಚಿದ್ರಲಿ. ಇನ್ನೆಂತ ಆಗ್ತು?"

ತಪ್ಪೇನೂ ಹೇಳಲಿಲ್ಲ. ನಮ್ಮ ಕಡೆ ಬೈಕಿರಲಿ, ಮಿಕ್ಸರ್ ಇರಲಿ, ಕುಂಕುಮ ಅಕ್ಷತೆ ಬೀಳದೆ ಶುರುವಾಗುವುದಿಲ್ಲ. ನಮ್ಮನೆಯವರ ಗಡಿಬಿಡಿಯಲ್ಲಿ ಅದು ಬಿಟ್ಟುಹೋಗಿತ್ತು. ಈ ಸಲ ಒಳ್ಳೆ ದಿನ ನೋಡಿ, ಅಕ್ಕಿಗೆ ಕುಂಕುಮ ನೀರು ಕಲಸಿ, ದೀಪ ಹಚ್ಚಿ ಪೂಜೆಯಾಯಿತು. ಆಯಿಗೆ ಕಾಣುವುದಿಲ್ಲವಲ್ಲ, ಅವಳ ಕೈ ಹಿಡಿದು ಯಂತ್ರದ ನೆತ್ತಿಯ ಮೇಲೆ ಅಕ್ಷತೆ ಹಾಕಿಸಿದವಳು ನಾನೇ. ಒಂಬತ್ತು ದಿನ ಮದ್ದಲೆ ಕೇಳಿತು. ಹತ್ತನೇ ದಿನ ಕೆಂಪು ದೀಪ.

ಮತ್ತೆ ಹುಬ್ಬಳ್ಳಿ ಬಸ್ಸು. ಈ ಸಲದ ಚೀಟಿ: ಪರೀಕ್ಷೆಯಲ್ಲಿ ದೋಷ ಕಂಡುಬಂದಿಲ್ಲ. ಅಲ್ಲಿ ಸರಿ ಇರುವುದು ಇಲ್ಲಿ ಯಾಕೆ ಸರಿ ಇರುವುದಿಲ್ಲ? "ಯಾರದ್ದೋ ದೃಷ್ಟಿ ಬಿದ್ದು," ಎಂದಳು ಆಯಿ. ದೃಷ್ಟಿ ತೆಗೆದದ್ದಾಯಿತು, ಕಾಯಿ ಒಡೆದದ್ದಾಯಿತು, ಅಕ್ಷತೆ ಒಂದು ಹಿಡಿ ಜಾಸ್ತಿಯೇ ಬಿತ್ತು. ಆರು ದಿನ. ಕೆಂಪು ದೀಪ.

ಮೂರನೇ ಸಲ, ಬೋರ್ಡ್ ಬದಲಿಸಬೇಕು, ಬಿಡಿಭಾಗ ಹಡಗಿನಲ್ಲಿದೆ ಎಂದರು. ಆರು ತಿಂಗಳು ಆ ಹಡಗು ಯಾವ ಸಮುದ್ರ ಸುತ್ತಿತೋ. ನಾನು ಫೋನ್ ಮಾಡಿದಾಗಲೆಲ್ಲ ಹೊಸಬರು ಎತ್ತುತ್ತಿದ್ದರು, ಮೊದಲಿಂದ ಹೇಳಿ ಮೇಡಂ ಎನ್ನುತ್ತಿದ್ದರು. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಣ್ಣುದನಿ ಹೇಳುತ್ತಲೇ ಇರುತ್ತದಲ್ಲ, ಅಷ್ಟು ಅಮೂಲ್ಯವಾದರೆ ಎತ್ತಬಾರದೇ? ಕಂಪನಿಯವರ ಜೊತೆ ಜಗಳವಾಡುವುದು ನನ್ನ ಇನ್ನೊಂದು ನೌಕರಿಯಾಯಿತು.

ಈ ನಡುವೆ ಆಯಿಗೆ ಕುಕ್ಕರಿನ ಸೀಟಿ ಕೇಳುವುದು ನಿಂತಿತು. ನಾನು ಗಮನಿಸಿದೆ, ಅವಳಿಗೆ ಹೇಳಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದೇ ಪ್ರಶ್ನೆ, "ಪೆಟ್ಟಿಗೆ ಬಂತಾ?" ಇಲ್ಲೆ ಆಯಿ ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಗುತ್ತಿತ್ತು. ವಾರಂಟಿಯ ವರ್ಷವೂ ಆಯಿಯ ಕಿವಿಯೂ ಒಟ್ಟಿಗೇ ಸವೆಯುತ್ತಿದ್ದವು.

ಹಡಗು ಬಂತು, ಪೆಟ್ಟಿಗೆ ಬಂತು, ಪೂಜೆಯಾಯಿತು, ಐದನೇ ದಿನ ಕೆಟ್ಟಿತು. ನಾಲ್ಕನೇ ಸಲ ಕಳಿಸಿದಾಗ ಬಂದದ್ದೇ ಈ ಇಲಿಯ ಫೋನು.

ಫೋಟೋ ನೋಡಿದೆ. ತೆರೆದ ಯಂತ್ರದ ಹೊಟ್ಟೆಯಲ್ಲಿ ಹೌದು, ಅಕ್ಕಿಯೇ. ಬೇರೆ ಯಾರದ್ದೋ ಮನೆಯ ಯಂತ್ರ ಇರಬೇಕು ಎಂದುಕೊಂಡೆ. ಸ್ಕೂಲು ಬಿಟ್ಟ ಮೇಲೆ ಸೀದಾ ಬಸವರಾಜನ ಅಂಗಡಿಗೆ ಸ್ಕೂಟಿ ತಿರುಗಿಸಿದೆ. ಬಸವರಾಜ ಬನವಾಸಿ ಕಡೆಯವನು, ಶಿರಸಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ, ಮಿಕ್ಸರ್ ರಿಪೇರಿ ಮಾಡುತ್ತಾನೆ. ವಾರಂಟಿ ಹೋಗುತ್ತದೆ ಎಂಬ ಹೆದರಿಕೆಯಿಂದ ಅಷ್ಟು ದಿನ ಅವನಿಗೆ ಪೆಟ್ಟಿಗೆ ಮುಟ್ಟಿಸಿರಲಿಲ್ಲ.

"ಕುಂದರ್ರಿ ಟೀಚರ್, ನೋಡೂಣು," ಎಂದು ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದ. "ಅಕ್ಕಿ ಕೆಂಪಗ ಐತಲ್ರಿ."

"ಕುಚ್ಚಲಕ್ಕಿ ಇರ್ಬೇಕು," ಎಂದೆ. (ಸಿಟ್ಟು ಬಂದಾಗ ಬುದ್ಧಿ ಹೋಗುತ್ತದೆ.)

ಬಸವರಾಜ ನನ್ನ ಮುಖ ನೋಡಿದ. "ಟೀಚರ್, ನಿಮ್ಮನಿ ಇಲಿ ಕುಂಕುಮ ಕಲಸ್ಕೊಂಡು ಅಕ್ಕಿ ತಿಂತಾವೇನ್ರಿ?"

ಅಯ್ಯೋ ದೇವರೇ. ಯಂತ್ರದ ನೆತ್ತಿಯ ಮೇಲೆ ಬಿಸಿಗಾಳಿ ಹೋಗಲು ಉದ್ದುದ್ದ ಸೀಳುಗಳಿವೆ. ಒದ್ದೆ ಅಕ್ಷತೆ ಪ್ರತಿ ಸಲ ಅಲ್ಲಿಂದ ಸೀದಾ ಒಳಗೆ ಇಳಿದಿದೆ. ಕೆಟ್ಟಿತು ಎಂದು ಪೂಜೆ, ಪೂಜೆ ಮಾಡಿದೆವು ಎಂದು ಕೆಡುವುದು. ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು! ಆಯಿಯ ಕೈಯನ್ನು ಸರಿಯಾಗಿ ಸೀಳಿನ ಮೇಲೇ ಇಟ್ಟು ಕೊಟ್ಟಿದ್ದೇನೆ. ನಗು ಬಂತು.

ಬಸವರಾಜ ಇನ್ನೂ ಫೋಟೋ ನೋಡುತ್ತಲೇ ಇದ್ದ. "ಕರ್ರಗಾಗಿದ್ದು ಹಳೇ ಪೂಜೀದು, ಕೆಂಪಗಿದ್ದು ಹೊಸಾದು. ಅಂದ್ರ ಹಿಂದಿನ ಸಲ ಇವ್ರು ಬಿಚ್ಚೇ ಇಲ್ರಿ. ಅಕ್ಕಿ ಒಣಗಿದ ಮ್ಯಾಲ ತಾನಾ ಚಾಲೂ ಆಗೈತಿ, ವಾಪಸ್ ಕಳಿಸ್ಯಾರ."

ಹಾಗಾದರೆ ಆ ಹಡಗು? ಆ ಬೋರ್ಡು?

ಮನೆಗೆ ಬಂದವಳೇ ಫೋನ್ ಹಚ್ಚಿದೆ. ಮೊದಲನೇ ಸಲ ಪೂಜೆಯೇ ಮಾಡಿರಲಿಲ್ಲ, ಅಕ್ಕಿಯೂ ಇರಲಿಲ್ಲ, ಆಗ ಯಾಕೆ ಕೆಟ್ಟಿತು ಎಂದು ಕೇಳಿದೆ. ಆ ಕಂಪ್ಲೇಂಟಿನ ಟಿಕೆಟ್ ಕ್ಲೋಸ್ ಆಗಿದೆ ಮೇಡಂ ಎಂದಳು ಹುಡುಗಿ. ಬೋರ್ಡ್ ಬದಲಿಸಿದ್ದು ಸುಳ್ಳಲ್ಲವಾ ಎಂದೆ. ಅದೂ ಕ್ಲೋಸ್ ಆಗಿದೆ ಎಂದಳು. ಕೊನೆಗೆ ಉಳಿದದ್ದು ಮರ್ಯಾದೆ ಒಂದೇ. "ಇಲಿ ಅನ್ನೋದನ್ನಾದ್ರೂ ತೆಗೀರಿ! ಅದು ಪೂಜೆ ಅಕ್ಷತೆ!" ಎಂದು ಕೂಗಿದೆ.

"ಸಿಸ್ಟಮ್ಮಲ್ಲಿ ಪೂಜೆ ಅಂತ ಕಾಲಂ ಇಲ್ಲ ಮೇಡಂ. ಇಲಿ, ಇರುವೆ, ನೀರು, ಇತರೆ ಅಂತ ಇದೆ. ಇತರೆ ಹಾಕ್ಲಾ?"

ಹಾಕಮ್ಮಾ ಎಂದೆ.

ಪೆಟ್ಟಿಗೆ ಹಾಗೇ ವಾಪಸು ಬಂತು. ಬಸವರಾಜ ಮನೆಗೇ ಬಂದು ಬಿಚ್ಚಿ, ಬ್ರಷ್ಷಿನಲ್ಲಿ ಅಕ್ಕಿ ಕೆರೆದು ತೆಗೆದು, ಫ್ಯೂಸ್ ಹಾಕಿ, ಸರಿ ಮಾಡಿಟ್ಟು ಹೋದ. ಆಯಿಗೆ ಈ ವಿಷಯ ಹೇಳುವುದು ಹೇಗೆ? ನೀನೇ ಕೆಡಿಸಿದ್ದು ಎಂದು ಯಾವ ಬಾಯಲ್ಲಿ ಹೇಳಲಿ? ನಮ್ಮನೆಯವರು ಉಪಾಯ ತೆಗೆದರು: ಯಂತ್ರದ ಮೇಲೆ ದಪ್ಪ ಟವೆಲ್ ಹೊದಿಸೋಣ, ಅವರ ಪೂಜೆ ಅವರಿಗೆ ಆಗಲಿ, ಆಮೇಲೆ ಟವೆಲ್ ಕೊಡವಿದರಾಯಿತು.

ಕಣ್ಣು ಕಾಣದವಳನ್ನು ಮೋಸ ಮಾಡುವ ಉಪಾಯ. ಒಪ್ಪಿದೆ. ಸಾಕಾಗಿ ಹೋಗಿತ್ತು.

ಶುಕ್ರವಾರ ಆಯಿಯನ್ನು ಕರೆದುಕೊಂಡು ಬಂದು ಕೂರಿಸಿ, ಅಕ್ಷತೆಯ ಹರಿವಾಣ ಪಕ್ಕದಲ್ಲಿಟ್ಟೆ. ಅವಳು ಅಕ್ಷತೆ ಹಿಡಿದು ಕೈ ಚಾಚಿದಳು. ಬೆರಳು ಟವೆಲಿಗೆ ತಾಗಿ ನಿಂತಿತು.

"ಎಂತಕ್ಕೆ ಮುಚ್ಚಿದ್ದು?"

"ಧೂಳು ಬೀಳ್ತು ಹೇಳಿ, ಆಯಿ."

ಟವೆಲಿನ ಅಂಚು ಸವರಿದಳು. "ತಂಗೀ, ಕಣ್ಣು ಹೋಜು. ಕಿವಿ ಪೂರ್ತಿ ಹೋಯ್ದಿಲ್ಲೆ. ಆ ದಿನ ನೀ ಫೋನಲ್ಲಿ ಕೂಗಿದ್ದು ಓಣಿಗೆಲ್ಲಾ ಕೇಳಿದ್ದು, ಯಂಗೆ ಕೇಳ್ತಿಲ್ಯ?" ಕೈಯಲ್ಲಿದ್ದ ಅಕ್ಷತೆಯನ್ನು ಹರಿವಾಣಕ್ಕೇ ಹಾಕಿದಳು. "ಪೂಜೆ ಬ್ಯಾಡ. ಹಚ್ಚು."

ಹಚ್ಚಿದೆ. ಗಾಜು ನಡುಗಿತು. ಅರ್ಥ ಹೇಳುವವರ ಮಾತು ಈಗ ಅವಳಿಗೆ ಬಿಡಿಬಿಡಿಯಾಗಿ ಕೇಳುವುದಿಲ್ಲ, ಅದನ್ನು ಅವಳೇ ಹೇಳಿದಳು. ಆದರೆ ಎಡದ ಪೆಟ್ಟು ಬಿದ್ದಾಗಲೆಲ್ಲ ಅವಳ ಎಡಗೈ ಮೊಣಕಾಲಿನ ಮೇಲೆ ಮೆಲ್ಲಗೆ ಬೀಳುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಎಂಟು ದಿನ. ಒಂದು ಕಾಳು ಅಕ್ಕಿಯಿಲ್ಲ, ಒಂದು ತೊಟ್ಟು ನೀರಿಲ್ಲ, ಸ್ಟೆಬಿಲೈಸರ್ ಗುಂಯ್ ಎನ್ನುತ್ತಿತ್ತು. ಒಂಬತ್ತನೇ ದಿನ ಟಕ್. ಕೆಂಪು ದೀಪ.

ಬಸವರಾಜ ಬಂದು ಬಿಚ್ಚಿದ, ಬ್ಯಾಟರಿ ಹಿಡಿದು ನೋಡಿದ. "ಸ್ವಚ್ಛ ಐತ್ರಿ ಟೀಚರ್. ಬೋರ್ಡಾ ಸುಟ್ಟೈತಿ. ಇದು ಅದರದಾ ರೋಗ, ಹುಟ್ಟಿನಿಂದ ಬಂದದ್ದು." ಕಂಪನಿಗೆ ಫೋನ್ ಮಾಡಿದರೆ ವಾರಂಟಿ ಹೋದ ವಾರವೇ ಮುಗಿದಿದೆ ಎಂದರು. ಈ ಸಲ ನನಗೆ ಕೂಗಲು ತ್ರಾಣವೂ ಇರಲಿಲ್ಲ. ಸರಿ ಎಂದು ಇಟ್ಟೆ.

ಆಯಿಯ ಹತ್ತಿರ ಹೋಗಿ ಕೂತೆ. ಮತ್ತೆ ಕೆಟ್ಟೋತು ಆಯಿ, ಎಂದೆ.

"ಬಿಚ್ಚಿ ನೋಡಿದ್ನಾ? ಅಕ್ಕಿಕಾಳು ಇತ್ತಾ?"

"ಒಂದೂ ಇತ್ತಿಲ್ಲೆ."

ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. ಮುಖದಲ್ಲಿ ಬೇಸರ ಕಾಣಲಿಲ್ಲ, ಹಗುರಾದ ಹಾಗಿತ್ತು. "ಹಂಗಾರೆ ಅವ್ರ ಕೈ ನಿಲ್ಸಿದ್ದು ಆನಲ್ಲ ಅಲ್ದಾ ತಂಗೀ?"

ನೀನಲ್ಲ ಆಯಿ, ಎಂದೆ. ಅರ್ಧ ನಿಜ, ಅರ್ಧ ಸುಳ್ಳು. ಅಷ್ಟು ದಿನ ಅವಳು ಇದನ್ನು ಒಳಗೇ ಇಟ್ಟುಕೊಂಡು ಕೂತಿದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ.

ನಿನ್ನೆ ಕಂಪನಿಯಿಂದ ಮೆಸೇಜ್ ಬಂದಿದೆ. ನಮ್ಮ ಸೇವೆ ಹೇಗಿತ್ತು, ತಿಳಿಸಿ. ಉತ್ತಮ, ಸಾಧಾರಣ, ಕಳಪೆ, ಇತರೆ.

ಆನಲ್ಲ ಅಲ್ದಾ ಎಂದು ಆಯಿ ಕೇಳಿದ ಆ ಪ್ರಶ್ನೆಯನ್ನು ಎಲ್ಲಿ ಬರೆಯಲಿ, ಇತರೆಯಲ್ಲೇ?